11,500 ಅಡಿ ಎತ್ತರದಲ್ಲಿ ನಮ್ಮ ಹೋಟೆಲ್, ನಮ್ಮ ಸಂಸಾರ



ಕರಾವಳಿಯ ನಮ್ಮವರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೋಗುವುದು ಹೊಸ ವಿಷಯವಲ್ಲ. ನಮ್ಮ ಹಿರಿಯರು ಮುಂಬಯಿ, ಪುಣೆ, ಮದ್ರಾಸುಗಳಿಗೆ ಹೋಗಿ ಲೋಟ ತೊಳೆದು, ಮಾಣಿಯಾಗಿ, ಕೊನೆಗೆ ಗಲ್ಲಾಪೆಟ್ಟಿಗೆಯ ಮೇಲೆ ಕುಳಿತವರು. ಆದರೆ ಆ ಊರುಗಳಲ್ಲಿ ಮೊದಲೇ ನೆಲೆ ನಿಂತ ಒಬ್ಬ ಮಾವನೋ, ಊರಿನವರೋ ಇರುತ್ತಿದ್ದರು. ಪರಿಚಯದವರು ಒಬ್ಬರೂ ಇಲ್ಲದ, ಅಕ್ಕಿಯೂ ಸರಿಯಾಗಿ ಬೇಯದ ಊರಿಗೆ ಹೆಂಡತಿ ಮಕ್ಕಳೊಂದಿಗೆ ಹೋಗಿ ನಿಲ್ಲುವುದು ಹೇಗೆ ಎಂದು ಸಂಘದ ಸಭೆಗೆ ಬಂದಾಗಲೆಲ್ಲ ಅನೇಕರು ನಮ್ಮನ್ನು ಕೇಳುತ್ತಾರೆ. ಸಂಪಾದಕರೂ ಒತ್ತಾಯ ಮಾಡಿದ್ದರಿಂದ ನಮಗೆ ತಿಳಿದಷ್ಟು ಬರೆದಿದ್ದೇವೆ. ನಾವು ಓದಿದ್ದು ಹತ್ತನೇ ತರಗತಿವರೆಗೆ ಮಾತ್ರ. ಭಾಷೆಯಲ್ಲಿ ತಪ್ಪಿದ್ದರೆ ಓದುಗರು ತಿದ್ದಿಕೊಳ್ಳಬೇಕು.

ಊರಿನ ಪರಿಚಯ

ನಾವಿರುವುದು ಲಡಾಖಿನ ಲೇಹ್ ಪಟ್ಟಣದಲ್ಲಿ. ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 30 ಸಾವಿರ. ವರ್ಷವಿಡೀ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮ ಉಡುಪಿ ಕಡೆ ಆಷಾಢದಲ್ಲಿ ಒಂದೇ ದಿನ ಅಷ್ಟು ಸುರಿದುಬಿಡುತ್ತದೆ. ಜನವರಿಯ ರಾತ್ರಿಗಳಲ್ಲಿ ಚಳಿ ಸೊನ್ನೆಗಿಂತ 15-20 ಡಿಗ್ರಿ ಕೆಳಗೆ ಇಳಿಯುತ್ತದೆ. ಮರಗಳು ಕಾಣುವುದು ನೀರು ಹರಿಯುವ ಕಡೆ ಮಾತ್ರ; ಉಳಿದದ್ದೆಲ್ಲ ಬೋಳು ಬೆಟ್ಟ.

ಈ ಊರಿಗೂ ನಮ್ಮ ನಾಡಿಗೂ ಹಳೆಯ ನಂಟೊಂದಿದೆ. 1948ರ ಮೇ 24ರಂದು ಲೇಹ್‌ನಲ್ಲಿ ಇಳಿದ ಮೊದಲ ವಿಮಾನದಲ್ಲಿ ಕೊಡಗಿನ ಜನರಲ್ ತಿಮ್ಮಯ್ಯನವರು ಇದ್ದರು. ವಿಮಾನ ನಡೆಸಿದವರು ಮೆಹರ್ ಸಿಂಗ್. ವಿಮಾನ ಇಳಿಯುವ ಮೈದಾನವನ್ನು ಸಿದ್ಧಪಡಿಸಿದವರು ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೋರ್ಬು. ಇಂದು ಇಲ್ಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಅವರದೇ ಹೆಸರಿದೆ. ಅದೇ ವರ್ಷದ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲೇಹ್ ದಾರಿಯನ್ನು ಬಿಡಿಸಿದವರೂ ತಿಮ್ಮಯ್ಯನವರೇ. ಹಳೆಯ ಲಡಾಖಿಗಳಿಗೆ ‘ನಾವು ತಿಮ್ಮಯ್ಯನವರ ನಾಡಿನವರು’ ಎಂದರೆ ಗುರುತು ಸಿಗುತ್ತದೆ.

ಬಂದ ಕಾರಣ

ದೆಹಲಿಯಲ್ಲಿ ಹದಿನಾರು ವರ್ಷ ನಡೆಸಿದ ಹೋಟೆಲಿನ ಕರಾರು 2011ರ ಕೊನೆಗೆ ಮುಗಿಯಿತು. ಕಟ್ಟಡದ ಮಾಲೀಕರು ಬಾಡಿಗೆಯನ್ನು ಒಂದೇ ಸಲ ಎರಡೂವರೆ ಪಟ್ಟು ಮಾಡಿದರು. ಅಷ್ಟು ಕೊಟ್ಟು ಇಡ್ಲಿ ಮಾರಿದರೆ ಉಳಿಯುವುದು ಬರೀ ಪಾತ್ರೆ. ಅದೇ ಹೊತ್ತಿಗೆ 2009ರ ‘ತ್ರೀ ಈಡಿಯಟ್ಸ್’ ಹಿಂದಿ ಚಿತ್ರದಲ್ಲಿ ಪಾಂಗಾಂಗ್ ಸರೋವರ ನೋಡಿದ ಜನ ಲೇಹ್‌ಗೆ ಮುಗಿಬೀಳುತ್ತಿದ್ದರು. ಪ್ರವಾಸಿಗಳಲ್ಲಿ ದಕ್ಷಿಣದವರು, ಗುಜರಾತಿನ ಸಸ್ಯಾಹಾರಿಗಳು ಬಹಳ. ನಮ್ಮ ಹಳೆಯ ಗಿರಾಕಿಯೊಬ್ಬರು ಲೇಹ್‌ನಲ್ಲಿ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದರು. ಅವರು ಒಂದು ಜಾಗ ತೋರಿಸಿದರು. ಆಗ ಹೊರಗಿನವರು ಅಲ್ಲಿ ಜಾಗ ಕೊಳ್ಳುವಂತಿರಲಿಲ್ಲ. ಒಬ್ಬ ಲಡಾಖಿ ಅಜ್ಜಿಯ ಮನೆಯ ಕೆಳಗಿನ ಅಂತಸ್ತನ್ನು ಬಾಡಿಗೆಗೆ ಹಿಡಿದೆವು. ಕೆಳಗೆ 40 ಜನ ಕೂರುವ ಹೋಟೆಲ್, ಹಿಂದೆ ಎರಡು ಕೋಣೆಯ ಮನೆ.

2012ರ ಮೇ ತಿಂಗಳಲ್ಲಿ ನಾವು, ನಮ್ಮ ಮನೆಯವರು, ಏಳನೇ ತರಗತಿ ಮುಗಿಸಿದ ಮಗಳು, ಮೂರನೇ ತರಗತಿ ಮುಗಿಸಿದ ಮಗ, ಕುಂದಾಪುರದ ಇಬ್ಬರು ಹುಡುಗರು ವಿಮಾನದಲ್ಲಿ ಬಂದಿಳಿದೆವು. ಗ್ರೈಂಡರ್, ದೋಸೆ ಕಾವಲಿ, ಅರೆಯುವ ಕಲ್ಲು ಎಲ್ಲ ಮನಾಲಿ ದಾರಿ ತೆರೆದ ಮೇಲೆ ಜೂನ್‌ನಲ್ಲಿ ಲಾರಿಯಲ್ಲಿ ಬಂದವು.

ಈ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಬಂದ ಮೊದಲ ಎರಡು ದಿನ ಏನೂ ಮಾಡದೆ ಮಲಗಿರಬೇಕು, ನೀರು ಕುಡಿಯುತ್ತಿರಬೇಕು. ತಲೆನೋವು, ವಾಕರಿಕೆ ಬಂದರೆ ಹೆದರಬೇಕಿಲ್ಲ. ಕೂತಲ್ಲೇ ಏದುಸಿರು ಬಂದರೆ, ಕೆಮ್ಮು ಹೆಚ್ಚಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಐವತ್ತು ಕೆ.ಜಿ. ಅಕ್ಕಿ ಮೂಟೆಯನ್ನು ಆಡುತ್ತಾ ಎತ್ತುವ ನಮ್ಮ ಹುಡುಗರು ಹತ್ತು ದಿನ ಅರ್ಧ ಮೂಟೆ ಎತ್ತಿ ನಿಲ್ಲುತ್ತಿದ್ದರು.

ಅಡುಗೆಮನೆಯ ಲೆಕ್ಕ

ನಮ್ಮ ಉದ್ಯಮದವರಿಗೆ ಇದು ಮುಖ್ಯವಾದ್ದರಿಂದ ವಿವರವಾಗಿ ಹೇಳುತ್ತೇವೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ನೀರು ತಕತಕ ಕುದಿಯುವುದು ಕಾಣುತ್ತದೆ, ಆದರೆ ಅದರಲ್ಲಿ ಬಿಸಿ ಸಾಲದು. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಅನ್ನ, ಬೇಳೆ, ಆಲೂಗಡ್ಡೆ ಎಲ್ಲಕ್ಕೂ ಕುಕ್ಕರೇ ಗತಿ. ಕುಕ್ಕರಿನಲ್ಲೂ ಊರಿನ ಲೆಕ್ಕಕ್ಕಿಂತ ನಾಲ್ಕೈದು ಸೀಟಿ ಹೆಚ್ಚು ಬೇಕು. ಬೇಳೆಯನ್ನು ರಾತ್ರಿಯೇ ಬಿಸಿನೀರಿನಲ್ಲಿ ನೆನೆಸಿಡುತ್ತೇವೆ.

ಇಡ್ಲಿಯ ಉಗಿಯೂ ಅಷ್ಟೇ. ಊರಿನಲ್ಲಿ 12 ನಿಮಿಷಕ್ಕೆ ಇಳಿಸುವ ಇಡ್ಲಿ ಇಲ್ಲಿ 20-22 ನಿಮಿಷ ಬೇಕು. ತಟ್ಟೆಗಳನ್ನು ಒತ್ತೊತ್ತಾಗಿ ಇಡದೆ ಉಗಿ ಓಡಾಡಲು ಜಾಗ ಬಿಡಬೇಕು. ವಡೆಯ ವಿಷಯ ಬೇರೆ. ಎಣ್ಣೆ ಊರಿನಷ್ಟೇ ಕಾಯುತ್ತದೆ, ಆದರೆ ಹಿಟ್ಟಿನೊಳಗಿನ ನೀರು ಬೇಗ ಆವಿಯಾಗುತ್ತದೆ. ದೊಡ್ಡ ಉರಿ ಇಟ್ಟರೆ ಹೊರಗೆ ಕೆಂಪು, ಒಳಗೆ ಹಸಿ. ಉರಿ ಸಣ್ಣದು ಮಾಡಿ ನಿಧಾನ ಕರಿಯಬೇಕು. ದೋಸೆಗೆ ಮಾತ್ರ ಯಾವ ತೊಂದರೆಯೂ ಇಲ್ಲ; ಕಬ್ಬಿಣದ ಕಾವಲಿಗೆ ಎತ್ತರದ ಹಂಗಿಲ್ಲ. ಹೀಗಾಗಿ ಲೇಹ್‌ನಲ್ಲಿ ನಮ್ಮ ಹೆಸರು ನಿಂತದ್ದು ಮಸಾಲೆ ದೋಸೆಯಿಂದ. ಫಿಲ್ಟರ್ ಕಾಫಿಯ ಡಿಕಾಕ್ಷನ್ ಕೂಡ ಚೆನ್ನಾಗಿಯೇ ಇಳಿಯುತ್ತದೆ.

ವಿದ್ಯುತ್ ಆಗ ಗಂಟೆಗಳ ಲೆಕ್ಕದಲ್ಲಿ ಬರುತ್ತಿತ್ತು. ಕರೆಂಟು ಬಂದಾಗ ಗ್ರೈಂಡರ್, ಹೋದಾಗ ಅರೆಯುವ ಕಲ್ಲು. 2014ರ ಆಗಸ್ಟ್‌ನಲ್ಲಿ 45 ಮೆಗಾವಾಟ್‌ನ ನಿಮ್ಮೂ-ಬಾಜ್ಗೋ ಜಲವಿದ್ಯುತ್ ಯೋಜನೆ ಉದ್ಘಾಟನೆಯಾಯಿತು, 2019ರ ಫೆಬ್ರವರಿಯಲ್ಲಿ ಶ್ರೀನಗರದಿಂದ ವಿದ್ಯುತ್ ಮಾರ್ಗ ಬಂತು. ನಮ್ಮ ಕಲ್ಲಿಗೆ ಆಮೇಲೆ ವಿಶ್ರಾಂತಿ ಸಿಕ್ಕಿತು.

ಮೊದಲ ಚಳಿಗಾಲ

ಪ್ರವಾಸಿಗಳ ಕಾಲ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ಮೊದಲ ಬೇಸಿಗೆ ದೇವರ ದಯದಿಂದ ಚೆನ್ನಾಗಿಯೇ ನಡೆಯಿತು. ಅಕ್ಟೋಬರ್ ಬಂದದ್ದೇ ಬಜಾರಿನ ಹೊರಗಿನ ವ್ಯಾಪಾರಿಗಳೆಲ್ಲ ಬಾಗಿಲು ಹಾಕಿ ಇಳಿದುಹೋದರು. ನಮ್ಮ ಇಬ್ಬರು ಹುಡುಗರೂ ದೀಪಾವಳಿಗೆಂದು ಊರಿಗೆ ಹೊರಟರು. ನಮಗೆ ಆ ದಾರಿ ಇರಲಿಲ್ಲ. ಬಾಡಿಗೆ ವರ್ಷಪೂರ್ತಿಯದು, ಮಕ್ಕಳು ಶಾಲೆಗೆ ಸೇರಿದ್ದರು, ದೆಹಲಿಯ ಮನೆ ಬಿಟ್ಟಾಗಿತ್ತು. ಸೈನ್ಯದವರು, ಬ್ಯಾಂಕು ಕಚೇರಿಗಳ ನೌಕರರು ಚಳಿಗಾಲದಲ್ಲೂ ಇರುತ್ತಾರೆ, ಅವರಿಗೆ ಊಟ ಬೇಕೇ ಬೇಕು ಎಂದು ಧೈರ್ಯ ಮಾಡಿ ನಿಂತೆವು.

ದಾರಿಗಳು ಮುಚ್ಚುವ ಮೊದಲೇ ಆರು ತಿಂಗಳ ದಿನಸಿ ತುಂಬಿದೆವು. ತೆಂಗಿನಕಾಯಿ ಒಳಗೇ ಹೆಪ್ಪುಗಟ್ಟುತ್ತದೆ, ಆದ್ದರಿಂದ ಕೊಬ್ಬರಿ. ಹಾಲಿಗೆ ಹಾಲಿನ ಪುಡಿ. ಕರಿಬೇವು ನೆರಳಲ್ಲಿ ಒಣಗಿಸಿ ಡಬ್ಬಿಗೆ. ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಕೋಸುಗಳನ್ನು ನೆಲದಲ್ಲಿ ಹಳ್ಳ ತೋಡಿ ಮಣ್ಣು ಮುಚ್ಚಿ ಇಡುವುದನ್ನು ಮನೆಯ ಅಜ್ಜಿಯೇ ತೋರಿಸಿಕೊಟ್ಟರು. ಲಡಾಖಿಯಲ್ಲಿ ಅಜ್ಜಿಗೆ ‘ಆಬಿ’ ಎನ್ನುತ್ತಾರೆ. ಮರ್ಯಾದೆಗೆ ‘ಲೆ’ ಸೇರಿಸಿ ‘ಆಬಿ-ಲೆ’. ನಮ್ಮ ‘ಅವರು’ ಇದ್ದಂತೆ.

ಡಿಸೆಂಬರ್‌ನಲ್ಲಿ ನಲ್ಲಿಗಳು ನಿಂತವು. ಕೈಪಂಪಿನಿಂದ ಕ್ಯಾನುಗಳಲ್ಲಿ ನೀರು ಹೊತ್ತು ತರಬೇಕು. ಪಾತ್ರೆ ತೊಳೆದ ನೀರು ಮೋರಿಯಲ್ಲೇ ಕಲ್ಲಾಗುತ್ತಿತ್ತು. ಹೊರಗಿಟ್ಟ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸ್ ಇದ್ದರೂ ಉರಿ ಏಳುತ್ತಿರಲಿಲ್ಲ. ದೋಸೆ ಇಡ್ಲಿ ಹಿಟ್ಟು ಮೂರು ದಿನ ಇಟ್ಟರೂ ಹುಳಿ ಬಾರದು, ಉಬ್ಬದು. ಉದ್ದು ಹೆಚ್ಚು ಮಾಡಿದ್ದಾಯಿತು, ಮೆಂತ್ಯ ಹಾಕಿದ್ದಾಯಿತು. ಕೊನೆಗೆ ಆಬಿ-ಲೆ ನೋಡಿ ನಕ್ಕರು. ಬಾರ್ಲಿಯಿಂದ ‘ಛಾಂಗ್’ ಮಾಡುವಾಗ ಅವರು ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಬೆಚ್ಚಗೆ ಇಡುತ್ತಾರೆ. ನಮ್ಮ ಹಿಟ್ಟಿನ ಪಾತ್ರೆಗೂ ಅದೇ ಉಪಚಾರವಾಯಿತು. ಬಿಸಿನೀರಿನಲ್ಲಿ ರುಬ್ಬಿ, ಎರಡು ಕಂಬಳಿ ಸುತ್ತಿ, ಬುಖಾರಿ ಎಂಬ ಕಬ್ಬಿಣದ ಒಲೆಯಿಂದ ಮೂರಡಿ ದೂರ ಇಟ್ಟೆವು. ಮರುದಿನ ಸಂಜೆ ಹಿಟ್ಟು ಮುಚ್ಚಳ ಎತ್ತಿತ್ತು. ಸಾರಾಯಿಯ ವಿದ್ಯೆ ಇಡ್ಲಿಗೂ ಆಯಿತು ಎಂದು ಮನೆಯವರು ನಗಾಡಿದರು. ಇಂದಿಗೂ ನಮ್ಮ ಕ್ರಮ ಅದೇ.

ಆದರೆ ಜನವರಿ ಮೂರನೇ ವಾರ ನಗುವಂತಿರಲಿಲ್ಲ. ಮಗನಿಗೆ ಜ್ವರ ಬಂದು ಎದೆ ಕಟ್ಟಿತು. ನ್ಯುಮೋನಿಯಾ ಎಂದರು. ದೆಹಲಿಗೆ ಕರೆದೊಯ್ಯೋಣವೆಂದರೆ ಮೋಡ ಕವಿದು ಮೂರು ದಿನ ವಿಮಾನ ಇಳಿಯಲಿಲ್ಲ. ದಾರಿಗಳು ಮುಚ್ಚಿದ್ದವು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮನೆಯವರು, “ಇವನು ಎದ್ದರೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುತ್ತೇನೆ, ಮತ್ತೆ ಬರುವವಳಲ್ಲ” ಎಂದರು. ನಮ್ಮ ಬಾಯಲ್ಲಿ ಉತ್ತರವಿರಲಿಲ್ಲ.

ಆ ಎಂಟು ದಿನ ಹೋಟೆಲಿನ ಬಾಗಿಲು ತೆರೆದೇ ಇತ್ತು. ಆಬಿ-ಲೆಯ ಸೊಸೆ ಮಗಳನ್ನು ತಮ್ಮ ಮನೆಯಲ್ಲಿ ಮಲಗಿಸಿಕೊಂಡರು. ಎದುರಿನ ಕಾಶ್ಮೀರಿ ದರ್ಜಿ ಬುಖಾರಿಗೆ ಸೌದೆ ತಂದು ಹಾಕಿದರು. ಬೆಳಗಾವಿ ಕಡೆಯ ಇಬ್ಬರು ಜವಾನರು ರಜೆಯ ದಿನ ಬಂದು ಅನ್ನ, ಸಾರು ಮಾಡಿ ಬಂದವರಿಗೆ ಬಡಿಸಿ, ಹಣವನ್ನು ಡಬ್ಬಿಯಲ್ಲಿ ಹಾಕಿ ಹೋದರು. ಆಬಿ-ಲೆ ದಿನವೂ ಹುರಿದ ಬಾರ್ಲಿ ಹಿಟ್ಟಿನ ಗಂಜಿ ಮಾಡಿ ಆಸ್ಪತ್ರೆಗೆ ಕಳಿಸಿದರು. ನಮ್ಮ ಹುರಿಹಿಟ್ಟಿನ ರುಚಿಯೇ. ಒಂಬತ್ತನೇ ದಿನ ಮಗ ಮನೆಗೆ ಬಂದ.

ಫೆಬ್ರವರಿಯಲ್ಲಿ ವಿಮಾನದ ಟಿಕೇಟಿನ ಮಾತು ಬಂದಾಗ ಮನೆಯವರೇ ಹೇಳಿದರು: “ಊರಲ್ಲಿದ್ದರೆ ನಮ್ಮವರು ಇಷ್ಟು ಮಾಡುತ್ತಿದ್ದರೋ ಇಲ್ಲವೋ. ಇನ್ನೊಂದು ವರ್ಷ ನೋಡುವ.” ಆ ಇನ್ನೊಂದು ವರ್ಷ ಇನ್ನೂ ಮುಗಿದಿಲ್ಲ.

ಮಕ್ಕಳು, ಮಾತು, ಹಬ್ಬ

ಇಲ್ಲಿ ಚಳಿಗಾಲದ ರಜೆ ಎರಡು ತಿಂಗಳಿಗೂ ಹೆಚ್ಚು. ಆ ದಿನಗಳಲ್ಲಿ ಬುಖಾರಿಯ ಸುತ್ತ ಕೂರಿಸಿ ಮನೆಯವರು ಮಕ್ಕಳಿಗೆ ಕನ್ನಡ ಓದಿಸಿ ಬರೆಸಿದರು. ಮಗಳು ಹತ್ತನೇ ತರಗತಿ ಇಲ್ಲೇ ಮುಗಿಸಿ, ಪಿಯುಸಿಗೆ ಉಡುಪಿಗೆ ಅಜ್ಜಿಯ ಮನೆಗೆ ಹೋದಳು. ಮಗ ಮಾತ್ರ ಲಡಾಖಿ ಹುಡುಗನೇ ಆಗಿಬಿಟ್ಟ. ‘ಜೂಲೆ’ ಎಂಬ ಒಂದೇ ಮಾತಿನಲ್ಲಿ ನಮಸ್ಕಾರ, ಉಪಕಾರ, ಹೋಗಿಬರುತ್ತೇವೆ ಮೂರೂ ಬರುತ್ತದೆ. ಅವನು ಊರಿಗೆ ಹೋದಾಗ ದೇವಸ್ಥಾನದ ಭಟ್ಟರಿಗೂ ಜೂಲೆ ಎನ್ನುತ್ತಾನೆ. ಈಗ ಗಲ್ಲಾಪೆಟ್ಟಿಗೆ ನೋಡುವವನು ಅವನೇ.

ಡಿಸೆಂಬರ್‌ನಲ್ಲಿ ‘ಗಲ್ದನ್ ನಮ್ಚೋಟ್’ ಹಬ್ಬಕ್ಕೆ ಮನೆ, ಗೊಂಪಾಗಳ ಮೇಲೆಲ್ಲ ದೀಪ ಹಚ್ಚುತ್ತಾರೆ. ನಮ್ಮ ದೀಪಾವಳಿಯ ಹಣತೆಗಳನ್ನೇ ಎತ್ತಿಟ್ಟು ಅಂದೂ ಹಚ್ಚುತ್ತೇವೆ. ಚೌತಿಗೆ ಕನ್ನಡದ ಜವಾನರು ಬರುತ್ತಾರೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು, ಆರು ದಿನ ಹಿಮದಡಿ ಇದ್ದ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದರು ಜೀವಂತ ಸಿಕ್ಕಾಗ ಹೋಟೆಲಿನಲ್ಲಿ ಎಲ್ಲರಿಗೂ ಕಾಫಿ ಕೊಟ್ಟೆವು. 11ರಂದು ದೆಹಲಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಒಲೆ ಆರಿಸಿ ಬಾಗಿಲು ಹಾಕಿದೆವು.

2020ರಲ್ಲಿ ಕೋವಿಡ್‌ನಿಂದ ಒಂದಿಡೀ ಸೀಸನ್ ಹೋಯಿತು. ಆ ವರ್ಷದ ಬಾಡಿಗೆಯನ್ನು ಆಬಿ-ಲೆಯ ಮನೆಯವರು ಅರ್ಧ ಮಾತ್ರ ತೆಗೆದುಕೊಂಡರು. ಅದೇ ಅಕ್ಟೋಬರ್‌ನಲ್ಲಿ ರೋಹ್ತಾಂಗ್ ಕೆಳಗೆ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯಿತು.

ಹೋಗುವವರಿಗೆ ಕಿವಿಮಾತು

ದೂರದ ಬೆಟ್ಟದ ಊರುಗಳಿಗೆ ಹೋಗಲಿಚ್ಛಿಸುವ ಕಿರಿಯರಿಗೆ ನಾಲ್ಕು ಮಾತು.

1. ಒಂದು ಬೇಸಿಗೆಯ ಲಾಭ ನೋಡಿ ಲೆಕ್ಕ ಹಾಕಬೇಡಿ. ಐದು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಬಾಡಿಗೆ, ಸಂಬಳ ಹೊರಡಬೇಕು.

2. ಹುಡುಗರಿಗೆ ಚಳಿಗಾಲದ ರಜೆ, ಊರಿಗೆ ಹೋಗಿಬರುವ ಖರ್ಚು ಮೊದಲೇ ಮಾತಾಡಿ. ಹಾಗೆ ಮಾಡಿದ್ದರಿಂದಲೇ ಅದೇ ಹುಡುಗರು ಪ್ರತಿ ಏಪ್ರಿಲ್‌ಗೆ ತಿರುಗಿ ಬಂದರು. ಸ್ಥಳೀಯರಿಗೂ ಕೆಲಸ ಕೊಡಿ. ನಮ್ಮ ಕಾವಲಿಯ ಮೇಲೆ ಇಂದು ದೋಸೆ ಹುಯ್ಯುವವನು ಲಡಾಖಿ ಹುಡುಗ.

3. ಮುಚ್ಚಿದ ಕೋಣೆಯಲ್ಲಿ ಬುಖಾರಿ ಉರಿಸಿ ಮಲಗಬೇಡಿ. ಚಳಿ ಎಷ್ಟೇ ಇರಲಿ, ಕಿಟಕಿ ಒಂದು ಬೆರಳು ತೆರೆದಿರಲಿ. ಈ ಹೊಗೆಗೆ ವಾಸನೆಯಿಲ್ಲದೆ ಪ್ರಾಣ ತೆಗೆಯುವ ಗುಣವಿದೆ.

4. ಮನೆಯಾಕೆಯನ್ನು ಕೇಳದೆ ಹೊರಡಬೇಡಿ. ಹೋಟೆಲನ್ನು ನಾವು ನಡೆಸಬಹುದು, ಪರಸ್ಥಳದಲ್ಲಿ ಸಂಸಾರವನ್ನು ನಿಲ್ಲಿಸುವವರು ಅವರು.

ಸಂಘದ ಸದಸ್ಯರು ಲಡಾಖ್ ಪ್ರವಾಸಕ್ಕೆ ಬಂದರೆ ಮೊದಲೆರಡು ದಿನ ಚೆನ್ನಾಗಿ ಮಲಗಿ. ಮೂರನೇ ದಿನ ನಮ್ಮಲ್ಲಿಗೆ ಬನ್ನಿ. ಇಡ್ಲಿಗೆ 22 ನಿಮಿಷ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಒಂದು ಕಾಫಿ ಕುಡಿದು ಊರಿನ ಸುದ್ದಿ ಹೇಳಿ.