ಭೂತನಾಳದಿಂದ ಪರದೇಶದ ವಿದ್ಯಾಪೀಠಕ್ಕೆ: ನಮ್ಮ ಮನೆಯ ಮಗಳ ಆರು ತಿಂಗಳು

ವಿದ್ಯೆಗಾಗಿ ಮನೆ ಬಿಟ್ಟು ಹೋಗುವುದು ನಮ್ಮ ಸಮಾಜಕ್ಕೆ ಹೊಸತೇನಲ್ಲ. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು, ಬೀದಿಯ ದೀಪದ ಕೆಳಗೆ ಓದಿ ಮುಂದೆ ಬಂದವರ ಮಕ್ಕಳು, ಮೊಮ್ಮಕ್ಕಳು ನಾವು. ಆದರೆ ಹೋಗಬೇಕಾದ ಊರು ಧಾರವಾಡವೋ ಬೆಳಗಾವಿಯೋ ಆಗಿರದೆ, ಸುಮಾರು ಏಳು ಸಾವಿರ ಕಿಲೋಮೀಟರಿನಾಚೆಯ ಜರ್ಮನಿಯಾದಾಗ, ಅದರಲ್ಲಿಯೂ ಹೋಗುವವಳು ಇಪ್ಪತ್ತೊಂದು ವರ್ಷದ ಹೆಣ್ಣುಮಗಳಾದಾಗ, ಮನೆಯವರ ಮನಸ್ಸು ತಕ್ಕಡಿಯಂತೆ ತೂಗಾಡುವುದು ಸಹಜ. ನನ್ನ ಅಣ್ಣನ ಮನೆಯಲ್ಲಿ 2024ರಲ್ಲಿ ನಡೆದದ್ದು ಇದೇ. ಆ ಆರು ತಿಂಗಳ ಅನುಭವವು ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು, ಮಗಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯರು ಹಾಕಿಕೊಟ್ಟ ದಾರಿ

ಸಂತಾನವಿಲ್ಲದ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಉಯಿಲು ಬರೆದಿಟ್ಟರು. ಒಬ್ಬ ದೇಸಾಯಿಯ ಮನೆ ಬೆಳಗಬೇಕಾಗಿದ್ದ ದೀಪ ಸಾವಿರಾರು ಮನೆಗಳನ್ನು ಬೆಳಗಿತು. ಗೋಕಾಕ ತಾಲೂಕಿನ ಮಮದಾಪುರದಲ್ಲಿ (ಇದು ನಮ್ಮ ಬಬಲೇಶ್ವರ ಭಾಗದ ಮಮದಾಪುರವಲ್ಲ) 1899ರಲ್ಲಿ ಜನಿಸಿದ ಡಿ.ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಹಡಗು ಏರಿ ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಕಲಿತು 'ರ‍್ಯಾಂಗ್ಲರ್' ಎನಿಸಿಕೊಂಡರು. ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಧಾರವಾಡದ ಆ ಗುಡ್ಡವನ್ನು ವಿದ್ಯಾನಗರಿಯನ್ನಾಗಿ ಮಾಡಿದರು. ತರುವಾಯ ಪಂಜಾಬಿನ ರಾಜ್ಯಪಾಲರಾದರು. ಅವರ ಹೆಸರಿನ ಪ್ರತಿಷ್ಠಾನದ ಫೆಲೋಶಿಪ್ ಪಡೆದು ನಮ್ಮ ನಾಡಿನ ವಿದ್ವಾಂಸರು ಕೇಂಬ್ರಿಜ್‌ಗೆ ಹೋಗಿಬಂದಿದ್ದಾರೆ. ಡಾ. ಎಸ್.ಸಿ. ನಂದೀಮಠರು ಲಂಡನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ ಬಂದು, ವೀರಶೈವ ಧರ್ಮವನ್ನು ಕುರಿತು 1942ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಪ್ರಕಟಿಸಿದರು. ಈ ಹಿರಿಯರು ಅಲ್ಲಿ ಗಳಿಸಿದ್ದನ್ನು ಇಲ್ಲಿಗೆ ತಂದು ದಾಸೋಹ ಮಾಡಿದರೆಂಬುದನ್ನು ನಾವು ಗಮನಿಸಬೇಕು.

ವಿನಿಮಯವೆಂದರೇನು?

ಹಿಂದೆ ಪರದೇಶದ ಓದು ಎಂದರೆ ಎರಡು ಮೂರು ವರ್ಷ ಅಲ್ಲಿಯೇ ನಿಲ್ಲುವುದು. ಈಗ ಇನ್ನೊಂದು ಮಾರ್ಗವಿದೆ. ಇಲ್ಲಿಯ ಕಾಲೇಜಿನ ವಿದ್ಯಾರ್ಥಿಯಾಗಿದ್ದುಕೊಂಡೇ ಒಂದು ಸೆಮಿಸ್ಟರು ಅಲ್ಲಿ ಓದಿ, ಗಳಿಸಿದ ಅಂಕಗಳನ್ನು ಇಲ್ಲಿಯ ಪದವಿಗೆ ಸೇರಿಸಿಕೊಳ್ಳುವುದು. ಯುರೋಪಿನ ದೇಶಗಳು ತಮ್ಮತಮ್ಮೊಳಗೆ ಇಂಥ ವಿನಿಮಯಕ್ಕಾಗಿ 1987ರಲ್ಲಿ 'ಎರಾಸ್ಮಸ್' ಎಂಬ ಯೋಜನೆಯನ್ನು ಆರಂಭಿಸಿದವು. ರಾಟರ್‌ಡ್ಯಾಮಿನ ವಿದ್ವಾಂಸ ಎರಾಸ್ಮಸ್‌ನ ಹೆಸರು ಅದು. ಆತನೂ ವಿದ್ಯೆಗಾಗಿ ಊರೂರು ಅಲೆದವನು. 2004ರಿಂದ ಇದರ 'ಎರಾಸ್ಮಸ್ ಮುಂಡಸ್' ಶಾಖೆಯ ಮೂಲಕ ನಮ್ಮ ದೇಶದವರಿಗೂ ಸ್ನಾತಕೋತ್ತರ ಓದಿಗೆ ವಿದ್ಯಾರ್ಥಿವೇತನ ದೊರೆಯುತ್ತಿದೆ. ಇವಲ್ಲದೆ ಕಾಲೇಜು ಕಾಲೇಜುಗಳ ನಡುವಣ ನೇರ ಒಪ್ಪಂದಗಳೂ ಉಂಟು. ನಮ್ಮ ಮಗಳು ಹೋದದ್ದು ಅಂಥದೊಂದು ಒಪ್ಪಂದದ ಮೇಲೆ. ಆಕೆ ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿನಿ.

ಅಲ್ಲಿ ಬೋಧನಾ ಶುಲ್ಕವಿರಲಿಲ್ಲ. ಆದರೆ ಜೀವನವೆಚ್ಚದ ಹಣ ತನ್ನ ಬಳಿ ಇದೆಯೆಂದು ವಿದ್ಯಾರ್ಥಿಯು ಮೊದಲೇ ತೋರಿಸಬೇಕು. ತಿಂಗಳಿಗೆ 992 ಯೂರೋಗಳಂತೆ ಆರು ತಿಂಗಳಿಗೆ 5,952 ಯೂರೋ. ಅಂದಿನ ದರದಲ್ಲಿ ಐದು ಲಕ್ಷ ರೂಪಾಯಿ ಮೀರಿತು. ಈ ಹಣವನ್ನು ವಿಶೇಷ ಖಾತೆಯಲ್ಲಿ ಇಟ್ಟರೆ ಪ್ರತಿ ತಿಂಗಳು ಅವಳ ಖರ್ಚಿಗೆ ಅವಳಿಗೇ ಮರಳುತ್ತದೆ. ಆದರೂ ಮೊದಲು ಹೊಂದಿಸಬೇಕಲ್ಲ! ಅಣ್ಣನು ಎರಡು ಎಕರೆ ದ್ರಾಕ್ಷಿ ತೋಟದ ಮೇಲೆ ಸಾಲ ತೆಗೆದನು. ಮದುವೆಗೆಂದು ಕೂಡಿಟ್ಟ ಹಣವನ್ನು ಮುಟ್ಟಬಾರದೆಂದು ಅತ್ತಿಗೆ ಹೇಳಿದ್ದರು. ಕೊನೆಗೆ ತಾವೇ, "ಓದಿಗೆ ಹಾಕಿದ್ದು ಎಲ್ಲಿ ಹೋಗತೈತಿ?" ಎಂದು ಅದರಲ್ಲಿಯೂ ಒಂದು ಪಾಲು ತಂದಿತ್ತರು.

ಪೂಜೆ, ಪ್ರಸಾದ, ಏಕಾಂತ

ಅತ್ತಿಗೆಯವರ ಚಿಂತೆ ಹಣಕ್ಕಿಂತ ಬೇರೆಯದಿತ್ತು: "ಲಿಂಗಪೂಜೆ ಹೆಂಗ ಮಾಡತಿ? ಏನ ಉಣ್ಣತಿ?" ಪೂಜೆ ಎಲ್ಲಕ್ಕಿಂತ ಸುಲಭವಾಯಿತು. ಇಷ್ಟಲಿಂಗವು ಎದೆಯ ಮೇಲೆಯೇ ಇರುವಾಗ ಗುಡಿಯನ್ನು ಹುಡುಕಿ ಹೋಗುವ ಅವಶ್ಯಕತೆ ಎಲ್ಲಿದೆ? ಆದರೆ ಆ ವಸತಿಗೃಹದ ಕೋಣೆಗಳಲ್ಲಿ ಹೊಗೆ ಕಂಡೊಡನೆ ಕೂಗುವ ಯಂತ್ರವಿದ್ದುದರಿಂದ ಧೂಪ, ಕರ್ಪೂರಗಳಿಗೆ ಅವಕಾಶವಿರಲಿಲ್ಲ. ಪತ್ರಿಯೂ ಸಿಗದು. ವಿಭೂತಿ ಧರಿಸಿ, ನೀರೆರೆದು, ಕಣ್ಣು ಮುಚ್ಚಿ ಕುಳಿತಳು. ಅಡುಗೆಮನೆಯನ್ನು ಹಂಚಿಕೊಂಡಿದ್ದ ಪೋಲೆಂಡಿನ ಹುಡುಗಿಯೊಬ್ಬಳು ಒಂದು ದಿನ ಕುತೂಹಲದಿಂದ ಕೇಳಿದಳಂತೆ. ಉತ್ತರ ಹೇಳಲು ಹೊರಟಾಗ ನಮ್ಮ ಮಗಳಿಗೆ ತಿಳಿದದ್ದು, ಹುಟ್ಟಿದಾರಭ್ಯ ಮಾಡುತ್ತ ಬಂದ ಪೂಜೆಯ ಅರ್ಥವನ್ನು ತಾನು ಎಂದೂ ಯಾರಲ್ಲಿಯೂ ಕೇಳಿರಲಿಲ್ಲವೆಂಬುದು. ಅಂದು ರಾತ್ರಿ ದೂರವಾಣಿಯಲ್ಲಿ ಅಜ್ಜಿಗೆ ಅವಳು ಕೇಳಿದ ಪ್ರಶ್ನೆಗಳು ಒಂದೆರಡಲ್ಲ.

ಇನ್ನು ಊಟ. ಹಾಲಿನ ಹಾಗೂ ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ಯುರೋಪಿನ ಒಕ್ಕೂಟದ ದೇಶಗಳಿಗೆ ಒಯ್ಯುವಂತಿಲ್ಲ. ಹೀಗಾಗಿ ತುಪ್ಪವೂ ಪೇಢೆಯೂ ಮನೆಯಲ್ಲಿಯೇ ಉಳಿದವು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಟಕ ರೊಟ್ಟಿಗಳು ಹೋದವು. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲೆ, ಭಾನುವಾರ ಅಂಗಡಿಗಳೆಲ್ಲ ಬಂದ್. ಮೊದಲ ಆರು ವಾರ ಪ್ರತಿರಾತ್ರಿ ಅತ್ತಳೆಂದು ಅವಳು ಹೇಳಿದ್ದು ಮರಳಿ ಬಂದ ಮೇಲೆಯೇ.

ಪ್ರಶ್ನೆಯೊಂದು ಕಲಿಸಿದ ಪಾಠ

ನೀರಿನ ವಿಷಯದ ಮೊದಲ ತರಗತಿಯಲ್ಲಿಯೇ ಪ್ರಾಧ್ಯಾಪಕರು, "ನಿಮ್ಮ ಊರಿಗೆ ನೀರು ಎಲ್ಲಿಂದ ಬರುತ್ತದೆ? ನಕ್ಷೆ ಬರೆಯಿರಿ" ಎಂದರಂತೆ. ಭೂತನಾಳದವಳು ಭೂತನಾಳ ಕೆರೆಯನ್ನು ಒಂದು ವೃತ್ತವಾಗಿ ಬರೆದು ನಿಂತುಬಿಟ್ಟಳು. ವಿಜಯಪುರ ನಗರಕ್ಕೆ ಕುಡಿಯುವ ನೀರು ಕೊಟ್ಟ ಆ ಕೆರೆಯ ದಂಡೆಯ ಮೇಲೆ ಆಡಿ ಬೆಳೆದವಳಿಗೆ, ಅದಕ್ಕೆ ನೀರು ಯಾವ ಹಳ್ಳದಿಂದ ಬರುತ್ತದೆಂಬುದು ಗೊತ್ತಿರಲಿಲ್ಲ. "ಕಾಕಾ, ನನಗ ನಾಚಿಕಿ ಆತು" ಎಂದಳು. ಆದಿಲಶಾಹಿ ಕಾಲದಲ್ಲಿ ತೊರವಿಯಿಂದ ನೆಲದೊಳಗಿನ ಸುರಂಗದ ಮೂಲಕ ನಗರಕ್ಕೆ ನೀರು ತಂದ ಸುರಂಗ ಬಾವಡಿ, 1651ರ ಬೇಗಂ ತಾಲಾಬ, ನೀರಿನ ಒತ್ತಡವನ್ನು ಹದದಲ್ಲಿಡಲು ಕಟ್ಟಿದ ಗೋಪುರಗಳು, ಇವೆಲ್ಲವನ್ನು ನನಗೆ ತಿಳಿದಷ್ಟು ಹೇಳಿದೆ. ಉಳಿದದ್ದನ್ನು ಅವಳೇ ಅಲ್ಲಿಯ ಗ್ರಂಥಾಲಯದಲ್ಲಿ ಹುಡುಕಿ ಓದಿದಳು. ಜನವರಿಯಲ್ಲಿ ತರಗತಿಯ ಮುಂದೆ ಅದನ್ನು ವಿವರಿಸಿದಾಗ, ನಿಗದಿಯಾದ ಇಪ್ಪತ್ತು ನಿಮಿಷ ಮುಗಿದ ಮೇಲೂ ಅರ್ಧ ಗಂಟೆ ಪ್ರಶ್ನೆಗಳು ಬಂದವಂತೆ. ನಮ್ಮ ಊರನ್ನು ಅರಿಯಲು ಅವಳು ಅಷ್ಟು ದೂರ ಹೋಗಬೇಕಾಯಿತು.

ಐದು ಅಂಕದ ಪೇಢೆ

ಈಗ ಹೇಳಲೇಬೇಕಾದ ಸಂಗತಿ. ಜರ್ಮನಿಯಲ್ಲಿ ಅಂಕಗಳ ಕ್ರಮ ನಮ್ಮದಕ್ಕೆ ತಿರುವುಮುರುವು. 1.0 ಎಂದರೆ ಸರ್ವೋತ್ತಮ, 4.0 ಎಂದರೆ ಕಷ್ಟದಿಂದ ಪಾಸು, 5.0 ಎಂದರೆ ಅನುತ್ತೀರ್ಣ. ಮನೆಯಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ಮಾರ್ಚ್ ಮೊದಲ ವಾರ ಫಲಿತಾಂಶ ಬಂದಾಗ ಅವಳು, "ಒಂದರಾಗ 1.7, ಇನ್ನೊಂದರಾಗ 2.3, ಮೂರನೇದರಾಗ 5.0" ಎಂದಳು. ಅತ್ತಿಗೆ 1.7 ಕೇಳಿ ಮುಖ ಸಣ್ಣದು ಮಾಡಿದರು. ಅಣ್ಣನು 5.0 ಕೇಳಿ ಹಿಗ್ಗಿ, ಓಣಿಗೆಲ್ಲ ಪೇಢೆ ಹಂಚಿದನು. ಫೋಟೋ ಕೂಡ ಕಳಿಸಿದನು.

ಮಗಳು ತಿದ್ದಲಿಲ್ಲ. ತೋಟದ ಮೇಲಿನ ಸಾಲ ಕಣ್ಣೆದುರಿಗೆ ಬಂದು ಬಾಯಿ ಕಟ್ಟಿತಂತೆ. ಹತ್ತು ದಿನ ಸುಮ್ಮನಿದ್ದಳು. ಮಾರ್ಚ್ ಕೊನೆಗೆ ಮರುಪರೀಕ್ಷೆಯಿತ್ತು. ಅದನ್ನು ಬರೆಯಬೇಕಾದರೆ ವಿಮಾನದ ಟಿಕೇಟು ಬದಲಿಸಬೇಕು, ಕಾರಣ ಹೇಳಬೇಕು. ಸುಳ್ಳು ಕಾರಣವೊಂದನ್ನು ಸಿದ್ಧ ಮಾಡಿಕೊಂಡೇ ಕರೆ ಮಾಡಿದ್ದಳಂತೆ. ಬೆಳಗಿನ ಪೂಜೆಗೆ ಕುಳಿತಾಗ ಮನಸ್ಸು ನಿಲ್ಲದೆ, ಎದ್ದು ಮಾಡಿದ ಕರೆ ಅದು. ಅಪ್ಪನ ದನಿ ಕೇಳುತ್ತಲೇ ಸಿದ್ಧ ಮಾಡಿದ್ದು ಮರೆತು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ಹೇಳಿದನು: "ಫೇಲ್ ಆಗೂದು ದೊಡ್ಡ ಮಾತಲ್ಲವ್ವಾ. ಮುಚ್ಚಿ ಇಟ್ಟಿ ನೋಡು, ಅದು ನನಗ ಸರಿ ಅನಸಲಿಲ್ಲ. ಹಂಚಿದ ಪೇಢೆ ತಿರುಗಿ ಕೇಳಾಕ ಬರೂದಿಲ್ಲ. ಬರದು ಪಾಸಾಗಿ ಬಾ." ಮರುದಿನ ತಾನೇ ಓಣಿಯವರಿಗೆ ನಿಜ ಹೇಳಿ ನಕ್ಕನು. ಅವರೂ ನಕ್ಕರು. ಮಗಳು ಮರುಪರೀಕ್ಷೆಯಲ್ಲಿ 3.0 ಪಡೆದಳು. ಸಾಧಾರಣ ಅಂಕವೇ ಸರಿ. ಆದರೆ ನಮ್ಮ ಮನೆಯಲ್ಲಿ ಅದಕ್ಕಿರುವ ಬೆಲೆ ಬೇರಾವ ಅಂಕಕ್ಕೂ ಇಲ್ಲ.

ಕಾರಣವನ್ನೂ ಅವಳೇ ಹೇಳಿದಳು. ಅಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್ ಪೂರ್ಣ ಹೊರೆ. ಒಂದು ಕ್ರೆಡಿಟ್‌ಗೆ ಸುಮಾರು 30 ಗಂಟೆಗಳ ದುಡಿಮೆ. ಅದರಲ್ಲಿ ತರಗತಿ ಸ್ವಲ್ಪ, ಸ್ವಂತ ಓದು ಹೆಚ್ಚು. ನಡುವೆ ಕಿರುಪರೀಕ್ಷೆ ಇರಲಿಲ್ಲ, ಕೊನೆಗೆ ಒಂದೇ ಪರೀಕ್ಷೆ. ಯಾರೂ ಎಚ್ಚರಿಸುವುದಿಲ್ಲ. ಕೊನೆಯ ಹದಿನೈದು ದಿನ ಕಂಠಪಾಠ ಮಾಡುವ ನಮ್ಮ ಅಭ್ಯಾಸ ಅಲ್ಲಿ ನಡೆಯಲಿಲ್ಲ.

ಪಾಲಕರಿಗೆ ನಾಲ್ಕು ಮಾತು

ಮೊದಲನೆಯದಾಗಿ, ಅಲ್ಲಿ ಓದುವ ಪ್ರತಿ ವಿಷಯಕ್ಕೂ ಇಲ್ಲಿಯ ಕಾಲೇಜಿನಿಂದ ಹೋಗುವ ಮುನ್ನವೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ನಮ್ಮ ಮಗಳು ಹೋದ ಮೇಲೆ ಒಂದು ವಿಷಯವನ್ನು ಬದಲಿಸಿಕೊಂಡು ಬಾಯಿಮಾತಿನ ಒಪ್ಪಿಗೆಯನ್ನು ನಂಬಿದಳು. ಇಲ್ಲಿ ಅದನ್ನು ಮಾನ್ಯ ಮಾಡಲಿಲ್ಲ, ಮತ್ತೆ ಬರೆಯಬೇಕಾಯಿತು. ಎರಡನೆಯದಾಗಿ, ಹಣದ ಲೆಕ್ಕವನ್ನು ಮಕ್ಕಳ ಮುಂದೆ ತೆರೆದಿಡಿ. ಆದರೆ ಸಾಲದ ಮಾತನ್ನು ಪ್ರತಿ ಕರೆಯಲ್ಲಿಯೂ ಆಡಬೇಡಿ. ಮೂರನೆಯದಾಗಿ, ಹೋಗುವ ದೇಶದ ಅಂಕಪದ್ಧತಿಯನ್ನು ಪಾಲಕರೂ ತಿಳಿದುಕೊಳ್ಳಿರಿ, ಪೇಢೆ ಉಳಿದೀತು! ನಾಲ್ಕನೆಯದಾಗಿ, ಸೋಲನ್ನು ಹೇಳಿಕೊಳ್ಳಲು ಮಕ್ಕಳಿಗೆ ಧೈರ್ಯ ಬರುವಂತೆ ಮನೆಯನ್ನು ಇಟ್ಟುಕೊಳ್ಳಿರಿ.

ವಿನಿಮಯವೆಂದರೆ ಕೊಡುವುದೂ ಉಂಟು, ಪಡೆಯುವುದೂ ಉಂಟು. ಜರ್ಮನಿಯಿಂದ ಬಂದ ಕಿಟ್ಟೆಲರು ನಮ್ಮ ನುಡಿಯನ್ನು ಕಲಿತು 1894ರಲ್ಲಿ ನಮಗೆ ನಿಘಂಟನ್ನು ಕೊಟ್ಟರು. ಆ ದೇಶದ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ನಮ್ಮ ಬಿ.ಎ. ವಿವೇಕ ರೈಯವರು ಕನ್ನಡ ಕಲಿಸಿ ಬಂದರು. ನಮ್ಮ ಮಕ್ಕಳು ಕೈತುಂಬ ತರುವುದರ ಜೊತೆಗೆ, ಅಲ್ಲಿ ಕೊಟ್ಟು ಬರಲು ತಮ್ಮ ಊರಿನ, ತಮ್ಮ ಧರ್ಮದ ಅರಿವನ್ನೂ ಒಯ್ಯುವಂತಾಗಲಿ.

ಮಗಳು ಈಗ ಕೊನೆಯ ವರ್ಷದ ಪ್ರಬಂಧಕ್ಕೆ ಭೂತನಾಳ ಕೆರೆಯನ್ನೇ ಆಯ್ದುಕೊಂಡಿದ್ದಾಳೆ. ಅಣ್ಣನ ಸಾಲ ಇನ್ನೂ ತೀರಿಲ್ಲ. ಆದರೆ ಕೆರೆಯ ಅಳತೆಗೆ ಹೋಗುವಾಗ ಹಗ್ಗದ ಇನ್ನೊಂದು ತುದಿ ಹಿಡಿಯುವವನು ಅವನೇ.