ಬೇಲಿಯಾಚೆಯ ಭಿನ್ನಮತ

ಅಮೆರಿಕದ ವರ್ಮಾಂಟ್ ರಾಜ್ಯದ ಡರ್ಬಿ ಲೈನ್ ಮತ್ತು ಕೆನಡಾದ ಕ್ವಿಬೆಕ್ ಪ್ರಾಂತದ ಸ್ಟ್ಯಾನ್‌ಸ್ಟೆಡ್ ಒಂದಕ್ಕೊಂದು ಅಂಟಿಕೊಂಡ ಊರುಗಳು. ಅವೆರಡಕ್ಕೂ ಸೇರಿದ ಹ್ಯಾಸ್ಕೆಲ್ ಗ್ರಂಥಾಲಯವನ್ನು 1904ರಲ್ಲಿ ಬೇಕೆಂದೇ ಗಡಿಯ ಮೇಲೆ ಕಟ್ಟಲಾಯಿತು. ವಾಚನಾಲಯದ ನೆಲದ ಮೇಲೆ ಅಡ್ಡಲಾಗಿ ಹಾದುಹೋಗುವ ಕಪ್ಪು ಪಟ್ಟಿಯೇ ಎರಡು ದೇಶಗಳ ಗಡಿ. ಮುಂಬಾಗಿಲು ಅಮೆರಿಕದಲ್ಲಿದೆ, ಪುಸ್ತಕದ ಕಪಾಟುಗಳು ಬಹುಪಾಲು ಕೆನಡಾದಲ್ಲಿವೆ. ಮಹಡಿಯ ನಾಟಕಶಾಲೆಯ ರಂಗ ಕೆನಡಾದ್ದು, ಪ್ರೇಕ್ಷಕರ ಹೆಚ್ಚಿನ ಕುರ್ಚಿಗಳು ಅಮೆರಿಕದವು. ನೂರಕ್ಕೂ ಹೆಚ್ಚು ವರ್ಷ ಕೆನಡಾದ ಓದುಗರು ಪಕ್ಕದ ಕಾಲುದಾರಿಯಲ್ಲಿ ನಡೆದು, ಯಾವ ತಪಾಸಣೆಯೂ ಇಲ್ಲದೆ ಆ ಮುಂಬಾಗಿಲಿನಿಂದಲೇ ಒಳಗೆ ಬರುತ್ತಿದ್ದರು. 2025ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಅದಕ್ಕೆ ಕಡಿವಾಣ ಹಾಕಿತು. ಕೆನಡಾದ ಬದಿಗಿದ್ದ ತುರ್ತು ಬಾಗಿಲನ್ನೇ ಆ ಕಡೆಯವರಿಗಾಗಿ ತೆರೆಯಬೇಕಾಯಿತು.

ಸೂಪರ್ ಪವರ್ ಒಂದರ ವಿದೇಶಾಂಗ ನೀತಿಯ ಬಿಸಿ ಮೊದಲು ತಟ್ಟುವುದು ಇಂಥ ಊರುಗಳಿಗೆ. ವಾಷಿಂಗ್ಟನ್ ತೆಗೆದುಕೊಳ್ಳುವ ತೀರ್ಮಾನದ ಫಲವನ್ನು ಕೆನಡಾದ ಪ್ರಜೆ ಉಣ್ಣುತ್ತಾನೆ, ಆದರೆ ಅಲ್ಲಿ ಅವನಿಗೆ ಮತವಿಲ್ಲ. ಹಾಗಾಗಿ ಬಹುಪಾಲು ಒಂದೇ ಭಾಷೆ ಆಡುವ, ಒಂದೇ ಟಿ.ವಿ. ಕಾರ್ಯಕ್ರಮ ನೋಡುವ, ಒಬ್ಬರ ಮನೆಯ ಹೆಣ್ಣನ್ನು ಇನ್ನೊಬ್ಬರು ತರುವ ಈ ಎರಡು ಸಮಾಜಗಳು ಅಮೆರಿಕದ ಯುದ್ಧಗಳ ವಿಷಯ ಬಂದಾಗ ಮಾತ್ರ ಪದೇ ಪದೇ ಬೇರೆ ಬೇರೆ ದಾರಿ ಹಿಡಿದಿವೆ.

2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ ದಾರಿಯಲ್ಲಿದ್ದ 38 ವಿಮಾನಗಳು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಗ್ಯಾಂಡರ್‌ನಲ್ಲಿ ಇಳಿದವು. ಹತ್ತು ಸಾವಿರದಷ್ಟು ಜನರಿದ್ದ ಆ ಊರು, ಆರೂವರೆ ಸಾವಿರಕ್ಕೂ ಹೆಚ್ಚು ಅಪರಿಚಿತರಿಗೆ ದಿನಗಟ್ಟಲೆ ಊಟ, ಹಾಸಿಗೆ ಒದಗಿಸಿತು. ಬಳಿಕ ಕೆನಡಾದ ಸೈನಿಕರು ಅಫ್ಘಾನಿಸ್ತಾನಕ್ಕೂ ಹೋದರು. 2002ರ ಏಪ್ರಿಲ್‌ನಲ್ಲಿ ಕಂದಹಾರ್ ಬಳಿ ರಾತ್ರಿ ತರಬೇತಿಯಲ್ಲಿದ್ದ ಅವರ ಮೇಲೆ ಅಮೆರಿಕದ ಎಫ್-16 ವಿಮಾನವೊಂದು ತಪ್ಪಾಗಿ ಬಾಂಬ್ ಹಾಕಿ ನಾಲ್ವರು ಸತ್ತರು. ಕೆನಡಾ ತತ್ತರಿಸಿತು, ಆದರೆ ಯುದ್ಧದಿಂದ ಹಿಂದೆ ಸರಿಯಲಿಲ್ಲ.

ಹೀಗೆ ಹೆಗಲು ಕೊಟ್ಟ ನೆರೆಯವರು ಮರುವರ್ಷ ಇರಾಕ್ ವಿಷಯದಲ್ಲಿ ಬೇರೆಯಾದರು. 2003ರ ಫೆಬ್ರುವರಿ 15ರಂದು ಮಾಂಟ್ರಿಯಲ್‌ನ ಕೊರೆಯುವ ಚಳಿಯಲ್ಲಿ ಲಕ್ಷಕ್ಕೂ ಮೀರಿ ಜನ ಬೀದಿಗಿಳಿದರು. ಮಾರ್ಚ್ 17ರಂದು ಪ್ರಧಾನಿ ಜಾನ್ ಕ್ರೆಟಿಯೆನ್ ಸಂಸತ್ತಿನಲ್ಲಿ ಎದ್ದು ನಿಂತು, ಭದ್ರತಾ ಮಂಡಳಿಯ ಹೊಸ ನಿರ್ಣಯವಿಲ್ಲದೆ ಯುದ್ಧ ನಡೆದರೆ ಕೆನಡಾ ಅದರಲ್ಲಿ ಪಾಲ್ಗೊಳ್ಳುವುದಿಲ್ಲ ಎಂದರು. ಅವರ ಪಕ್ಷದ ಸದಸ್ಯರು ಎದ್ದು ಚಪ್ಪಾಳೆ ತಟ್ಟಿದರು. ಆಗ ಕೆನಡಾದ ರಫ್ತಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಹೋಗುತ್ತಿದ್ದುದು ಅಮೆರಿಕಕ್ಕೇ ಎಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. ಬಾಂಬ್ ದಾಳಿ ಶುರುವಾದ ಬೆನ್ನಿಗೇ ಮಾಂಟ್ರಿಯಲ್‌ನ ಹಾಕಿ ಪಂದ್ಯದಲ್ಲಿ ಅಮೆರಿಕದ ರಾಷ್ಟ್ರಗೀತೆಗೆ ಪ್ರೇಕ್ಷಕರು ಕೂಗಿ ಅಡ್ಡಿ ಮಾಡಿದರು. ಅಮೆರಿಕದ ರಾಯಭಾರಿ ಪಾಲ್ ಸೆಲೂಚಿ ಟೊರಾಂಟೊದ ಸಭೆಯೊಂದರಲ್ಲಿ ತಮ್ಮ ದೇಶಕ್ಕಾದ ಬೇಸರವನ್ನು ಬಚ್ಚಿಡಲಿಲ್ಲ. ಕೆನಡಾಕ್ಕೆ ಆಪತ್ತು ಬಂದರೆ ಅಮೆರಿಕ ಕ್ಷಣವೂ ತಡಮಾಡದೆ ಬರುತ್ತಿತ್ತು ಎಂಬುದು ಅವರ ಮಾತಿನ ಸಾರ. ಅಧ್ಯಕ್ಷ ಬುಷ್ ಅವರ ಒಟ್ಟಾವಾ ಭೇಟಿ ರದ್ದಾಯಿತು.

ಆದರೆ ಈ ಭಿನ್ನಮತದ ಗೆರೆ ಗಡಿಯ ಗುಂಟವೇ ಹಾದುಹೋಗಿತ್ತು ಎಂದುಕೊಂಡರೆ ತಪ್ಪಾಗುತ್ತದೆ. ಅಮೆರಿಕದ ಕಾಂಗ್ರೆಸ್ಸಿನಲ್ಲಿಯೇ 2002ರ ಅಕ್ಟೋಬರ್‌ನಲ್ಲಿ 133 ಪ್ರತಿನಿಧಿಗಳು, 23 ಸೆನೆಟರುಗಳು ಯುದ್ಧಾಧಿಕಾರದ ವಿರುದ್ಧ ಮತ ಹಾಕಿದ್ದರು. ಇತ್ತ ಆಲ್ಬರ್ಟಾ ಪ್ರಾಂತದ ಪ್ರೀಮಿಯರ್ ರಾಲ್ಫ್ ಕ್ಲೈನ್ ಅಮೆರಿಕದ ರಾಯಭಾರಿಗೆ ಬೆಂಬಲದ ಪತ್ರ ಬರೆದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸ್ಟೀಫನ್ ಹಾರ್ಪರ್, ಕೆನಡಾದ ಜನ ನಿಮ್ಮೊಂದಿಗಿದ್ದಾರೆ ಎಂದು ಅಮೆರಿಕದ ಪತ್ರಿಕೆಯಲ್ಲಿ ಲೇಖನ ಬರೆದರು. ಒಲ್ಲೆನೆಂದ ಸರ್ಕಾರದ ಯುದ್ಧನೌಕೆಗಳು ಭಯೋತ್ಪಾದನೆ ವಿರೋಧಿ ಕಾರ್ಯಾಚರಣೆಯ ಹೆಸರಿನಲ್ಲಿ ಕೊಲ್ಲಿಯಲ್ಲಿಯೇ ಉಳಿದವು, ವಿನಿಮಯದ ಮೇಲೆ ಅಮೆರಿಕದ ಪಡೆಗಳಲ್ಲಿದ್ದ ಕೆನಡಾದ ಕೆಲವು ಅಧಿಕಾರಿಗಳು ಅಲ್ಲಿಯೇ ಮುಂದುವರಿದರು.

ಇಂಥದೇ ಇಬ್ಬಂದಿತನ ವಿಯೆಟ್ನಾಂ ಕಾಲದಲ್ಲಿ ಇನ್ನೂ ಆಳವಾಗಿತ್ತು. 1965ರ ಏಪ್ರಿಲ್ 2ರಂದು ಕೆನಡಾದ ಪ್ರಧಾನಿ ಲೆಸ್ಟರ್ ಪಿಯರ್ಸನ್ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡುತ್ತಾ, ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಗೆ ಸ್ವಲ್ಪ ಕಾಲ ವಿರಾಮ ಕೊಡಬಾರದೇ ಎಂದು ಮೆಲ್ಲಗೆ ಸೂಚಿಸಿದರು. ಸೂಯೆಜ್ ಬಿಕ್ಕಟ್ಟನ್ನು ತಿಳಿಗೊಳಿಸಿದ್ದಕ್ಕೆ 1957ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದವರು ಅವರು. ಮರುದಿನ ಕ್ಯಾಂಪ್ ಡೇವಿಡ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್, ಪಿಯರ್ಸನ್ ಅವರ ಕೋಟಿನ ಕೊರಳಪಟ್ಟಿ ಹಿಡಿದು ಕೂಗಾಡಿದರು. ನಿನಗೇನು ಅನಿಸುತ್ತದೋ ನಿನ್ನ ಮನೆಯಲ್ಲಿ ಹೇಳಿಕೋ, ನನ್ನ ಮನೆಗೆ ಬಂದು ಹೇಳಬೇಡ ಎಂಬುದೇ ಜಾನ್ಸನ್ ಅವರ ಸಿಟ್ಟಿನ ಮೂಲ.

1969ರ ಮೇ ತಿಂಗಳಲ್ಲಿ ಕೆನಡಾ ಸರ್ಕಾರ, ವಲಸೆ ಬರುವವರ ಸೈನಿಕ ಹಿನ್ನೆಲೆಯನ್ನು ಗಡಿಯ ಅಧಿಕಾರಿಗಳು ಕೇಳಬಾರದು ಎಂದು ಆದೇಶಿಸಿತು. ಕಡ್ಡಾಯ ಸೈನ್ಯ ಸೇರ್ಪಡೆಯನ್ನು ಒಲ್ಲದ ಅಮೆರಿಕದ ತರುಣರು ಹತ್ತಾರು ಸಾವಿರ ಸಂಖ್ಯೆಯಲ್ಲಿ ಉತ್ತರಕ್ಕೆ ಬಂದರು. 1977ರಲ್ಲಿ ಜಿಮ್ಮಿ ಕಾರ್ಟರ್ ಕ್ಷಮಾದಾನ ಕೊಟ್ಟ ಮೇಲೂ ಅವರಲ್ಲಿ ಎಷ್ಟೋ ಮಂದಿ ಮರಳಲಿಲ್ಲ. ಅದೇ ವರ್ಷಗಳಲ್ಲಿ ಕೆನಡಾದ ಸಾವಿರಾರು ತರುಣರು ದಕ್ಷಿಣಕ್ಕೆ ಹೋಗಿ ಅಮೆರಿಕದ ಸೈನ್ಯಕ್ಕೆ ಸ್ವಯಂಪ್ರೇರಿತರಾಗಿ ಸೇರಿದರು. ಮಡಿದವರ ಸ್ಮಾರಕ ಒಂಟಾರಿಯೊದ ವಿಂಡ್ಸರ್‌ನಲ್ಲಿ ನದಿಯಾಚೆಯ ಡೆಟ್ರಾಯಿಟ್‌ಗೆ ಎದುರಾಗಿ ನಿಂತಿದೆ. ವಿಯೆಟ್ನಾಂ ಕಾಡುಗಳ ಮೇಲೆ ಸುರಿದ ಏಜೆಂಟ್ ಆರೆಂಜ್ ವಿಷದ ಒಂದಷ್ಟು ಭಾಗ ತಯಾರಾದದ್ದು ಒಂಟಾರಿಯೊದ ಎಲ್ಮೈರಾ ಎಂಬ ಸಣ್ಣ ಪಟ್ಟಣದಲ್ಲಿ. ಯುದ್ಧ ಬೇಡ ಎಂದ ದೇಶವೇ ಯುದ್ಧಸಾಮಗ್ರಿ ಮಾರಿ ಲಾಭ ಮಾಡಿತು. ಕೆನಡಾದವರು ತಮ್ಮ ಶಾಂತಿಪ್ರಿಯತೆಯ ಬಗ್ಗೆ ಹೆಮ್ಮೆಪಡುವಾಗ ಈ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಬೇಕು.

ಈ ಕಥೆಯಲ್ಲಿ ನಮ್ಮ ದೇಶವೂ ಇದೆ. ವಿಯೆಟ್ನಾಂ ಕುರಿತ 1954ರ ಜಿನೀವಾ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ರಚಿಸಿದ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತ ಅಧ್ಯಕ್ಷ. ಕೆನಡಾ, ಪೋಲೆಂಡ್ ಸದಸ್ಯರು. ತಟಸ್ಥ ನಿಗಾ ಇಡಬೇಕಿದ್ದ ಆ ಆಯೋಗದ ಕೆನಡಾ ಪ್ರತಿನಿಧಿ ಬ್ಲೇರ್ ಸೀಬಾರ್ನ್ 1964ರಲ್ಲಿ ಅಮೆರಿಕದ ಎಚ್ಚರಿಕೆಯ ಸಂದೇಶವನ್ನು ಹನಾಯ್‌ಗೆ ಒಯ್ದು ಉತ್ತರ ವಿಯೆಟ್ನಾಂ ಪ್ರಧಾನಿ ಫಾಮ್ ವಾನ್ ಡಾಂಗ್ ಅವರಿಗೆ ತಲುಪಿಸಿದ್ದರು.

ಅಮೆರಿಕದ ದಕ್ಷಿಣದ ನೆರೆಯ ಮೆಕ್ಸಿಕೊದ ನೆನಪುಗಳು ಇದಕ್ಕಿಂತ ಕಹಿ. ಅಮೆರಿಕದೊಂದಿಗಿನ ಯುದ್ಧದಲ್ಲಿ ಸೋತು 1848ರ ಒಪ್ಪಂದದಲ್ಲಿ ಅದು ಕಳೆದುಕೊಂಡದ್ದು ತನ್ನ ಅರ್ಧದಷ್ಟು ನೆಲ. 1847ರಲ್ಲಿ ಚಾಪುಲ್ಟೆಪೆಕ್ ಕೋಟೆಯಲ್ಲಿ ಅಮೆರಿಕದ ಸೈನ್ಯದೆದುರು ಸತ್ತ ಎಳೆಯ ಕೆಡೆಟ್‌ಗಳನ್ನು ಅಲ್ಲಿನ ಪ್ರತಿ ಶಾಲಾ ಮಗುವೂ ಬಲ್ಲುದು. ನೂರು ವರ್ಷಗಳ ನಂತರ ಅಧ್ಯಕ್ಷ ಹ್ಯಾರಿ ಟ್ರೂಮನ್ ಅಲ್ಲಿಗೆ ಹೋಗಿ ಆ ಮಕ್ಕಳ ಸ್ಮಾರಕಕ್ಕೆ ಹೂಮಾಲೆ ಇಟ್ಟರು. ಆದರೆ 2003ರಲ್ಲಿ ಭದ್ರತಾ ಮಂಡಳಿಯಲ್ಲಿದ್ದ ಮೆಕ್ಸಿಕೊ ಇರಾಕ್ ಯುದ್ಧಕ್ಕೆ ಒಪ್ಪಲಿಲ್ಲ. ಅಮೆರಿಕ ನಮ್ಮನ್ನು ತನ್ನ ಹಿತ್ತಲಿನಂತೆ ನೋಡುತ್ತದೆ ಎಂದ ಅದರ ವಿಶ್ವಸಂಸ್ಥೆ ರಾಯಭಾರಿ ಅಡಾಲ್ಫೊ ಅಗಿಲಾರ್ ಜಿನ್ಸರ್ ಮಾತ್ರ ಅದೇ ವರ್ಷ ಹುದ್ದೆ ಕಳೆದುಕೊಂಡರು.

ಅಮೆರಿಕದ ಸಾಮಾನ್ಯ ಪ್ರಜೆಯ ಅಳಲನ್ನೂ ಕೇಳಬೇಕು. 1958ರಿಂದ ಕೆನಡಾದೊಂದಿಗಿನ ನೊರಾಡ್ ಒಪ್ಪಂದದಡಿ ಖಂಡದ ಆಕಾಶ ಕಾಯುವ ಭಾರದಲ್ಲಿ ದೊಡ್ಡ ಪಾಲು ಅಮೆರಿಕದ್ದೇ. ಮಗನನ್ನು ಯುದ್ಧಕ್ಕೆ ಕಳಿಸಿ ಬಾಗಿಲಲ್ಲಿ ಕಾಯುವ ತಾಯಿಗೆ, ಖರ್ಚು ಕಡಿಮೆ ಮಾಡಿ ಉಪದೇಶ ಹೆಚ್ಚು ಮಾಡುವ ನೆರೆಯವನ ಮಾತು ಚುಚ್ಚದಿರುತ್ತದೆಯೇ? ಈ ದೂರಿನಲ್ಲಿ ನ್ಯಾಯವಿದೆ. ಆದರೂ ನನ್ನ ಮಟ್ಟಿಗೆ ಮುಖ್ಯವಾದದ್ದು ಬೇರೆ: ಇರಾಕ್‌ನಲ್ಲಿ ಸಮೂಹನಾಶಕ ಅಸ್ತ್ರಗಳು ಸಿಗಲಿಲ್ಲ. ನೆರೆಯವರ ತಕರಾರನ್ನು ದ್ರೋಹವೆಂದು ತಳ್ಳಿಹಾಕದೆ ಕೇಳಿದ್ದರೆ ಅಮೆರಿಕದ ಸಾವಿರಾರು ಮನೆಗಳಿಗೆ, ಇರಾಕ್‌ನ ಲಕ್ಷಾಂತರ ಮನೆಗಳಿಗೆ ಸೂತಕ ಬರುತ್ತಿರಲಿಲ್ಲ. 2008ರ ಚುನಾವಣಾ ಚರ್ಚೆಯಲ್ಲಿ ಅದೇ ಹಾರ್ಪರ್, ಅಷ್ಟರಲ್ಲಿ ಪ್ರಧಾನಿಯಾಗಿದ್ದವರು, ಆ ಯುದ್ಧ ತಪ್ಪಾಗಿತ್ತು ಎಂದು ಒಪ್ಪಿಕೊಂಡರು.

ಈಗಿನ ಜಗಳದ ಬಣ್ಣವೇ ಬೇರೆ. 2025ರ ಫೆಬ್ರುವರಿ 1ರಂದು ಟ್ರಂಪ್ ಕೆನಡಾ, ಮೆಕ್ಸಿಕೊ ಸರಕಿಗೆ ಶೇ 25 ಸುಂಕದ ಆದೇಶಕ್ಕೆ ಸಹಿ ಹಾಕಿದ ರಾತ್ರಿಯೇ ಒಟ್ಟಾವಾದ ಹಾಕಿ ಮೈದಾನದಲ್ಲಿ ಅಮೆರಿಕದ ರಾಷ್ಟ್ರಗೀತೆಗೆ ಮತ್ತೆ ಕೂಗು ಎದ್ದಿತು. ಕೆನಡಾ ಅಮೆರಿಕದ 51ನೇ ರಾಜ್ಯವಾಗಲಿ ಎಂಬ ಟ್ರಂಪ್ ಮಾತು ಕೇಳಿ, ಹಿಂದೆ ಅಮೆರಿಕದ ಪರ ವಾದಿಸುತ್ತಿದ್ದವರೂ ಮುನಿದರು. ಒಂಟಾರಿಯೊದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನು ಕಪಾಟಿನಿಂದ ತೆಗೆದವು. ಒಬ್ಬ ಮಗ ಟೊರಾಂಟೊದಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ ಇರುವ ಕನ್ನಡ ಮನೆಗಳಿಗೂ ಈ ಬಿಸಿ ತಟ್ಟಿದೆ.

ಅಲ್ಲಿ ಅಮೆರಿಕ ಇರುವಂತೆ, ನಮ್ಮ ಉಪಖಂಡದಲ್ಲಿ ದೊಡ್ಡ ಮನೆ ನಮ್ಮದು. 2015ರಲ್ಲಿ ನೇಪಾಳದ ಹೊಸ ಸಂವಿಧಾನದ ಬಳಿಕ ರಕ್ಸೌಲ್-ಬೀರ್‌ಗಂಜ್ ಗಡಿಯಲ್ಲಿ ತಿಂಗಳುಗಟ್ಟಲೆ ಸರಕು ನಿಂತಿತು. ಅದು ಆ ಸಂವಿಧಾನವನ್ನು ವಿರೋಧಿಸಿದ ನೇಪಾಳದ ಮಧೇಶಿ ಚಳವಳಿಗಾರರ ತಡೆ ಎಂದಿತು ದೆಹಲಿ. ಅಡುಗೆ ಅನಿಲವಿಲ್ಲದೆ ಸೌದೆ ಒಲೆ ಹೂಡಿದ ಕಠ್ಮಂಡುವಿನ ಗೃಹಿಣಿ ಅದನ್ನು ಭಾರತದ ದಿಗ್ಬಂಧನವೆಂದೇ ಕರೆದಳು. ನಮ್ಮಲ್ಲಿ ಹೆಚ್ಚಿನವರು ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಕಠ್ಮಂಡುವಿನಲ್ಲೂ ಢಾಕಾದಲ್ಲೂ ಇಂಗ್ಲಿಷ್ ಪತ್ರಿಕೆಗಳಿವೆ, ಮೊಬೈಲಿನಲ್ಲೇ ಸಿಗುತ್ತವೆ. ಮುಂದಿನ ಸಲ ನೆರೆಯ ದೇಶದಲ್ಲಿ ಭಾರತದ ವಿರುದ್ಧ ಘೋಷಣೆ ಕೂಗಿದ ಸುದ್ದಿ ಬಂದಾಗ, ಸಿಟ್ಟಾಗುವ ಮೊದಲು ಅಲ್ಲಿನ ಒಂದು ಪತ್ರಿಕೆಯನ್ನು ತೆರೆದು ಓದಿ.