ಬೆಳ್ಳಿ ಬಟ್ಟಲಾದ ಕ್ಲಬ್ಬು, ಬಯಲಲ್ಲಿ ಬೆಳೆದ ಮಕ್ಕಳು

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ರಗ್ಬಿ ತಂಡಗಳು ಪ್ರತಿ ವರ್ಷ ಒಂದು ಬೆಳ್ಳಿ ಬಟ್ಟಲಿಗಾಗಿ ಸೆಣಸುತ್ತವೆ. ಸುಮಾರು 45 ಸೆಂಟಿಮೀಟರ್ ಎತ್ತರದ ಆ ಬಟ್ಟಲಿಗೆ ಮೂರು ಹಿಡಿಗಳು. ಮೂರೂ ಕಾಳಿಂಗ ಸರ್ಪಗಳು. ಮುಚ್ಚಳದ ಮೇಲೊಂದು ಆನೆ. ಹಾವು, ಆನೆಗಳಿರುವ ಈ ಪಾರಿತೋಷಕದ ಮೂಲ ಬ್ರಿಟನ್ನಿನಲ್ಲಿಲ್ಲ, ನಮ್ಮ ದೇಶದಲ್ಲಿದೆ. ಅದರ ಹೆಸರೇ ಕಲ್ಕತ್ತ ಕಪ್. ರಗ್ಬಿ ಲೋಕ ಹೆಮ್ಮೆಯಿಂದ ಎತ್ತಿ ಹಿಡಿಯುವ ಈ ಬಟ್ಟಲು ವಾಸ್ತವವಾಗಿ ಬಾಗಿಲು ಮುಚ್ಚಿದ ಒಂದು ಕ್ಲಬ್ಬಿನ ಕೊನೆಯ ಆಸ್ತಿ.

1872ರ ಕ್ರಿಸ್‌ಮಸ್ ದಿನ ಕಲ್ಕತ್ತದಲ್ಲಿ ತಲಾ 20 ಆಟಗಾರರ ಎರಡು ತಂಡಗಳು ರಗ್ಬಿ ಆಡಿದವು. ಒಂದು ಕಡೆ ಇಂಗ್ಲೆಂಡಿನವರು, ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ವೇಲ್ಸ್‌ನವರು. ಆಟ ಎಷ್ಟು ಹಿಡಿಸಿತೆಂದರೆ ಮರುತಿಂಗಳೇ, 1873ರ ಜನವರಿಯಲ್ಲಿ, ಕಲ್ಕತ್ತ ಫುಟ್‌ಬಾಲ್ ಕ್ಲಬ್ ಸ್ಥಾಪನೆಯಾಯಿತು. 137 ಮಂದಿ ಸದಸ್ಯರಾದರು. 1874ರಲ್ಲಿ ಅದು ಇಂಗ್ಲೆಂಡಿನ ರಗ್ಬಿ ಫುಟ್‌ಬಾಲ್ ಯೂನಿಯನ್ನಿಗೂ ಸೇರಿತು. ಆದರೆ ಆ ಉತ್ಸಾಹ ನಾಲ್ಕೈದು ವರ್ಷಗಳಲ್ಲೇ ಇಂಗಿಹೋಯಿತು. ಆಡುತ್ತಿದ್ದ ಸೈನಿಕರ ತುಕಡಿ ಬೇರೆಡೆಗೆ ಹೊರಟಿತು. ಉಳಿದವರಿಗೆ ಪೋಲೋ, ಟೆನಿಸ್‌ಗಳೇ ಹೆಚ್ಚು ಒಗ್ಗಿದವು. ಕ್ಲಬ್ಬಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಮದ್ಯ ನಿಂತದ್ದೇ ಸದಸ್ಯರು ಚದುರಲು ಕಾರಣ ಎಂಬ ಮಾತೂ ಪ್ರಚಲಿತವಾಗಿದೆ.

ಅಂತೂ ಆಡುವವರು ಇಲ್ಲವಾದರು. ಬ್ಯಾಂಕಿನಲ್ಲಿ ಹಣ ಮಾತ್ರ ಉಳಿಯಿತು. ಅದನ್ನು ಏನು ಮಾಡುವುದು? 270 ಬೆಳ್ಳಿ ರೂಪಾಯಿಗಳನ್ನು ಹಿಂಪಡೆದು, ಕರಗಿಸಿ, ಬಟ್ಟಲು ಮಾಡಿಸಿ 1878ರಲ್ಲಿ ಇಂಗ್ಲೆಂಡಿನ ಯೂನಿಯನ್ನಿಗೆ ಕಳಿಸಿಕೊಟ್ಟರು. 1879ರ ಮಾರ್ಚ್ 10ರಂದು ಎಡಿನ್‌ಬರೋದಲ್ಲಿ ಅದಕ್ಕಾಗಿ ಮೊದಲ ಪಂದ್ಯ ನಡೆಯಿತು, ಫಲಿತಾಂಶ ಡ್ರಾ.

ಕಲ್ಕತ್ತದಲ್ಲಿ ರಗ್ಬಿ ಅಲ್ಲಿಗೇ ಮುಗಿಯಲಿಲ್ಲ. 1884ರಲ್ಲಿ ಕ್ಲಬ್ಬು ಮತ್ತೆ ಹುಟ್ಟಿಕೊಂಡಿತು. ಮುಂದೆ 1965ರಲ್ಲಿ ಅಲ್ಲಿನ ಹಳೆಯ ಕ್ರಿಕೆಟ್ ಕ್ಲಬ್ಬಿನೊಡನೆ ಒಂದಾಗಿ, ಕಲ್ಕತ್ತ ಕ್ರಿಕೆಟ್ ಅಂಡ್ ಫುಟ್‌ಬಾಲ್ ಕ್ಲಬ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಆದರೂ ಮೊದಲ ಕ್ಲಬ್ಬಿನ ಅಲ್ಪಾಯುಷ್ಯ ಒಂದು ಪಾಠವನ್ನು ಹೇಳುತ್ತದೆ. ಅದಕ್ಕೆ ಹಣದ ಕೊರತೆಯಿರಲಿಲ್ಲ. ಸದಸ್ಯರಿದ್ದರು, ಮೈದಾನವಿತ್ತು. ಇಲ್ಲದಿದ್ದುದು ಒಂದೇ: ಇಂದು ಆಡುವವರು ಊರು ಬಿಟ್ಟರೆ ನಾಳೆ ಅವರ ಜಾಗಕ್ಕೆ ಬರುವ ಹುಡುಗರು. ನಮ್ಮ ಊರುಗಳ ಗರಡಿ ಮನೆಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗರಡಿ ಉಳಿಯುವುದು ಗೋಡೆಯಿಂದಲ್ಲ; ಕೇರಿಯ ಹುಡುಗರು ಮಣ್ಣಿಗಿಳಿಯುವುದರಿಂದ, ಅವರಿಗೆ ಪಟ್ಟು ಹೇಳಿಕೊಡುವ ಉಸ್ತಾದರೊಬ್ಬರು ಇರುವುದರಿಂದ.

ಕಬಡ್ಡಿ ಬಲ್ಲವರಿಗೆ ಕಷ್ಟವಲ್ಲ

ರಗ್ಬಿ ನಮ್ಮಲ್ಲಿ ಬಹಳ ಮಂದಿಗೆ ಅಪರಿಚಿತ. ಮೊಟ್ಟೆಯಾಕಾರದ ಚೆಂಡು, ಮೈಮೇಲೆ ಬೀಳುವ ಆಳುಗಳು, ಕೆಸರು – ಟಿವಿಯಲ್ಲಿ ಕಂಡವರ ನೆನಪಿನಲ್ಲಿ ಉಳಿಯುವುದು ಇಷ್ಟೇ. ಆದರೆ ಅದರ ಮೂಲಸೂತ್ರ ಸರಳ. ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಬೇಕು. ಇದಕ್ಕೆ 'ಟ್ರೈ' ಎಂದು ಹೆಸರು, 5 ಅಂಕ. ಆ ಬಳಿಕ ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾಯಿಸಿದರೆ ಇನ್ನೂ 2 ಅಂಕ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಒದೆತಕ್ಕೆ 3 ಅಂಕ.

ಒಂದು ವಿಚಿತ್ರ ನಿಯಮವಿದೆ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದಿರುವ ಜೊತೆಗಾರನಿಗಷ್ಟೇ ಕೊಡಬಹುದು. ಆದ್ದರಿಂದ ಎಷ್ಟೇ ವೇಗದ ಓಟಗಾರನಾದರೂ ಒಬ್ಬನೇ ಏನೂ ಮಾಡಲಾರ. ಹಿಂದೆ ಯಾರಾದರೂ ಓಡಿಬರುತ್ತಿರಲೇಬೇಕು. ಚೆಂಡು ಹಿಡಿದವನನ್ನು ತೋಳಿನಿಂದ ಬಳಸಿ ಕೆಡಹುವ ಕಲೆ ಕಬಡ್ಡಿ ನೋಡಿದವರಿಗೆ ಹೊಸದೇನಲ್ಲ. ದಾಳಿಗಾರನ ಕಾಲು ಹಿಡಿಯುವ ಧೈರ್ಯ, ತಪ್ಪಿಸಿಕೊಂಡು ಗೆರೆ ಮುಟ್ಟುವ ಚುರುಕು ಎರಡೂ ಇಲ್ಲಿ ಬೇಕು. ಪೂರ್ಣ ಪ್ರಮಾಣದ ಆಟದಲ್ಲಿ ತಂಡಕ್ಕೆ 15 ಮಂದಿ, 80 ನಿಮಿಷ. ಏಳು ಮಂದಿಯ 'ಸೆವೆನ್ಸ್' ಆಟ 14 ನಿಮಿಷಕ್ಕೆ ಮುಗಿಯುತ್ತದೆ. 2016ರ ರಿಯೋ ಒಲಿಂಪಿಕ್ಸ್‌ನಿಂದ ಸೆವೆನ್ಸ್ ಒಲಿಂಪಿಕ್ ಕ್ರೀಡೆಯೂ ಹೌದು.

ಮೈದಾನದ ಅಂಚಿನ ಮಕ್ಕಳು

ಹಳೆಯ ಕ್ಲಬ್ಬು ಮಾಡದ ಕೆಲಸ ಅದೇ ಊರಿನಲ್ಲಿ 2004ರಲ್ಲಿ ಶುರುವಾಯಿತು. ಕೋಲ್ಕತ್ತದ ಬ್ರಿಟಿಷ್ ಡೆಪ್ಯುಟಿ ಹೈಕಮಿಷನ್ನಿಗೆ ಅಧಿಕಾರಿಯಾಗಿ ಬಂದಿದ್ದ ಪಾಲ್ ವಾಲ್ಷ್ ರಗ್ಬಿಪ್ರಿಯರು. ನಗರದ ಮಧ್ಯದಲ್ಲಿ, ಸೇನೆಯ ಒಡೆತನದಲ್ಲಿರುವ ವಿಶಾಲ 'ಮೈದಾನ್' ಬಯಲಿನಲ್ಲಿ ಆಟ ನಡೆಯುವಾಗ ಸುತ್ತಲಿನ ಬಡ ಮಕ್ಕಳು ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಆಟಕ್ಕೆ ಸೇರಬೇಕೆಂಬ ಆಸೆ ಅವರದು. ಅವರನ್ನು ಒಳಗೆ ಕರೆದದ್ದೇ 'ಜಂಗಲ್ ಕ್ರೋಸ್' ಕ್ಲಬ್ಬಿನ ಆರಂಭ. ಕನ್ನಡದಲ್ಲಿ 'ಕಾಡು ಕಾಗೆಗಳು' ಎನ್ನೋಣ. ವಾಲ್ಷ್ ಮುಂದೆ ರಾಜತಾಂತ್ರಿಕ ಸೇವೆಯನ್ನೇ ಬಿಟ್ಟು ಈ ಕೆಲಸಕ್ಕೆ ನಿಂತರು. ಬಡಾವಣೆಗಳಿಗೆ ಹೋಗಿ ಮಕ್ಕಳಿಗೆ ಆಟ ಕಲಿಸುವ ಕಾರ್ಯಕ್ರಮಕ್ಕೆ 'ಖೇಲೋ ರಗ್ಬಿ' ಎಂದು ಹೆಸರಾಯಿತು.

ಎರಡು ಕ್ಲಬ್ಬುಗಳ ವ್ಯತ್ಯಾಸ ಇಲ್ಲಿದೆ. 1873ರ ಕ್ಲಬ್ಬಿಗೆ ಸೇರಿದವರು ಆಟ ಬಲ್ಲ ದೊಡ್ಡವರು. 2004ರ ಕ್ಲಬ್ಬಿಗೆ ಸೇರಿದವರು ರಗ್ಬಿಯ ಹೆಸರನ್ನೂ ಕೇಳಿರದ ಮನೆಗಳ ಮಕ್ಕಳು. ಮೊದಲನೆಯದು ಇದ್ದ ಆಟಗಾರರನ್ನು ಕೂಡಿಸಿತು. ಎರಡನೆಯದು ಆಟಗಾರರನ್ನೇ ಹುಟ್ಟುಹಾಕಬೇಕಾಯಿತು.

ಇಂಥ ಕ್ಲಬ್ಬು ಕಟ್ಟಲು ಏನೇನು ಬೇಕು? ಮೊದಲು ಬೇಕಾದದ್ದು ಚೆಂಡು. ದೊಡ್ಡವರು ಆಡುವುದು 5ನೇ ಅಳತೆಯ ಚೆಂಡಿನಲ್ಲಿ; ಅದರ ಉದ್ದ 28ರಿಂದ 30 ಸೆಂಟಿಮೀಟರ್, ತೂಕ 410ರಿಂದ 460 ಗ್ರಾಂ. ಪುಟ್ಟ ಮಕ್ಕಳಿಗೆ 3ನೇ ಅಳತೆ, ಹತ್ತು ದಾಟಿದವರಿಗೆ 4ನೇ ಅಳತೆ ಸೂಕ್ತ. ಎರಡನೆಯದು ನೆಲ. ಪೂರ್ತಿ ರಗ್ಬಿ ಮೈದಾನ ಗೆರೆಯಿಂದ ಗೆರೆಗೆ 100 ಮೀಟರಿನಷ್ಟು ಉದ್ದವಿರುತ್ತದೆ. ಮಕ್ಕಳ ಕಲಿಕೆಗೆ ಅದರ ಕಾಲು ಭಾಗವೂ ಸಾಕು. ಕಲ್ಲು, ಗಾಜಿನ ಚೂರು ಆರಿಸಿದ ಮೆತ್ತನೆಯ ನೆಲವಾದರೆ ಆಯಿತು.

ಮೂರನೆಯದು ಕಲಿಸುವ ಕ್ರಮ. ಮೊದಲ ದಿನವೇ ಮಕ್ಕಳನ್ನು ಒಬ್ಬರ ಮೇಲೊಬ್ಬರು ಬೀಳಿಸುವುದಿಲ್ಲ. 'ಟ್ಯಾಗ್ ರಗ್ಬಿ' ಎಂಬ ಸೌಮ್ಯ ರೂಪವೊಂದಿದೆ. ಪ್ರತಿ ಮಗುವಿನ ಸೊಂಟದ ಪಟ್ಟಿಗೆ ಎರಡು ಕಡೆ ಬಟ್ಟೆಯ ಪಟ್ಟಿಗಳು ತೂಗುತ್ತಿರುತ್ತವೆ. ಚೆಂಡು ಹಿಡಿದವರ ಪಟ್ಟಿಯನ್ನು ಕಿತ್ತರೆ ಅವರನ್ನು ಹಿಡಿದಂತೆ ಲೆಕ್ಕ. ಪೆಟ್ಟಿಲ್ಲ, ಗಾಯವಿಲ್ಲ, ಹುಡುಗ ಹುಡುಗಿಯರು ಒಟ್ಟಿಗೆ ಆಡಬಹುದು. ಓಟ, ಹಿಂದಕ್ಕೆ ಎಸೆಯುವ ಅಭ್ಯಾಸ ಕೈಗೂಡಿದ ಮೇಲೆ ಕೆಡಹುವುದನ್ನು, ಅದಕ್ಕಿಂತ ಮುಖ್ಯವಾಗಿ ಸುರಕ್ಷಿತವಾಗಿ ಬೀಳುವುದನ್ನು ಹಂತ ಹಂತವಾಗಿ ಕಲಿಸುತ್ತಾರೆ. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಮಗುವನ್ನು ಕೂಡಲೇ ಆಟದಿಂದ ಹೊರಗೆ ಕರೆಯಬೇಕು, ಆ ದಿನ ಮತ್ತೆ ಇಳಿಸಬಾರದು. ಇದು ಕಡ್ಡಾಯ. ಈ ಎಚ್ಚರವಿಲ್ಲದ ಕಡೆ ಕ್ಲಬ್ಬು ಕಟ್ಟದಿರುವುದೇ ಲೇಸು.

ಇವೆಲ್ಲಕ್ಕಿಂತ ದುರ್ಲಭವಾದದ್ದು ನಾಲ್ಕನೆಯದು: ಹೇಳಿದ ಹೊತ್ತಿಗೆ, ಹೇಳಿದ ಜಾಗಕ್ಕೆ, ತಪ್ಪದೆ ಬರುವ ಒಬ್ಬ ಹಿರಿಯ. ಮನೆಯಲ್ಲಿ ಯಾವುದಕ್ಕೂ ಖಾತ್ರಿಯಿಲ್ಲದ ಮಗುವಿಗೆ ಸಂಜೆ ಐದಕ್ಕೆ ಮಾಸ್ತರು ಚೆಂಡು ಹಿಡಿದು ನಿಂತಿರುತ್ತಾರೆ ಎಂಬ ನಂಬಿಕೆಯೇ ದೊಡ್ಡ ಆಸರೆ. ಮಾಸ್ತರು ಮೂರು ದಿನ ಬಾರದಿದ್ದರೆ ನಾಲ್ಕನೇ ದಿನ ಮಕ್ಕಳೂ ಇರುವುದಿಲ್ಲ.

ಒಡಿಶಾದಿಂದ ಇಂಗ್ಲೆಂಡಿಗೆ

ಕೋಲ್ಕತ್ತದ ಪ್ರಯೋಗದ ಪರಿಣಾಮ ನೆರೆಯ ಒಡಿಶಾದಲ್ಲೂ ಕಂಡಿತು. ಭುವನೇಶ್ವರದಲ್ಲಿ ಅಚ್ಯುತ ಸಾಮಂತ ಅವರು ಕಟ್ಟಿದ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆ ಆದಿವಾಸಿ ಮಕ್ಕಳಿಗೆ ಊಟ, ವಸತಿ, ಶಿಕ್ಷಣ ಕೊಡುವ ದೊಡ್ಡ ಶಾಲೆ. ವಾಲ್ಷ್ ಅಲ್ಲಿನ ಹುಡುಗರಿಗೆ ತರಬೇತಿ ನೀಡಿದರು. 2007ರಲ್ಲಿ ಈ ಹುಡುಗರ ತಂಡ ಇಂಗ್ಲೆಂಡಿಗೆ ಹೋಗಿ 14 ವರ್ಷದೊಳಗಿನವರ ಅಂತರರಾಷ್ಟ್ರೀಯ ಶಾಲಾ ಪಂದ್ಯಾವಳಿಯನ್ನು ಗೆದ್ದು ಬಂದಿತು. 2022ರಲ್ಲಿ ತೆರೆಕಂಡ 'ಜಂಗಲ್ ಕ್ರೈ' ಹಿಂದಿ ಚಿತ್ರಕ್ಕೆ ಇದೇ ವಸ್ತು. ನೂರಾ ಮೂವತ್ತು ವರ್ಷಗಳ ಹಿಂದೆ ಬ್ರಿಟಿಷರು ತಮ್ಮಲ್ಲೇ ಆಡಿಕೊಂಡು ಮುಚ್ಚಿದ ಆಟವನ್ನು ಇಲ್ಲಿಯ ಕಾಡಿನ ಮಕ್ಕಳು ಅವರ ನೆಲದಲ್ಲೇ ಗೆದ್ದರು ಎಂದರೆ ಕೇಳಲು ಹಿತವಾಗಿರುತ್ತದೆ. ಆದರೆ ಕ್ಲಬ್ಬಿನ ನಿಜವಾದ ಪರೀಕ್ಷೆ ಗೆಲುವಿನ ಮರುದಿನ ಶುರುವಾಗುತ್ತದೆ. ಮುಂದಿನ ಬ್ಯಾಚಿನ ಮಕ್ಕಳಿಗೆ ಕಲಿಸುವವರು ಯಾರು?

ಚಹಾ ತೋಟದ ಹುಡುಗಿಯರು

ಈ ಪ್ರಶ್ನೆಗೆ ಒಳ್ಳೆಯ ಉತ್ತರ ದೊರೆತದ್ದು ಉತ್ತರ ಬಂಗಾಳದಲ್ಲಿ. ಸಿಲಿಗುರಿಗೆ ಸಮೀಪ, ಬೈಕುಂಠಪುರ ಕಾಡಿನ ಅಂಚಿನಲ್ಲಿ ಸರಸ್ವತೀಪುರ ಎಂಬ ಚಹಾ ತೋಟವಿದೆ. ಆ ಸೀಮೆಯ ತೋಟಗಳ ಕಾರ್ಮಿಕರಲ್ಲಿ ಬಹುಪಾಲು ಬ್ರಿಟಿಷರ ಕಾಲದಲ್ಲಿ ಛೋಟಾನಾಗಪುರದಿಂದ ಬಂದು ನೆಲೆಸಿದ ಒರಾಂವ್, ಮುಂಡಾ ಮೊದಲಾದ ಆದಿವಾಸಿಗಳ ಸಂತತಿ. ಎಲೆ ಕೊಯ್ಯುವವರು ಹೆಚ್ಚಾಗಿ ಹೆಂಗಸರು. ದಿನಗೂಲಿ ಕಡಿಮೆ, ತೋಟ ಮುಚ್ಚಿದರೆ ಅದೂ ಇಲ್ಲ. ಇಂಥಲ್ಲಿ ಶಾಲೆ ಬಿಡುವ ಹುಡುಗಿಯ ಮುಂದಿರುವ ದಾರಿಗಳು ಎರಡು ಮೂರೇ: ತೋಟದ ಕೂಲಿ, ಎಳವೆಯ ಮದುವೆ, ಇಲ್ಲವೇ ದೂರದ ನಗರದಲ್ಲಿ ಮನೆಗೆಲಸ. ಕೆಲಸ ಕೊಡಿಸುತ್ತೇವೆಂದು ಕರೆದೊಯ್ದು ಮಾರುವ ದಳ್ಳಾಳಿಗಳ ಹಾವಳಿ ಈ ಪ್ರದೇಶದ ಹಳೆಯ ಗಾಯ.

2013ರಲ್ಲಿ ಖೇಲೋ ರಗ್ಬಿ ಇಲ್ಲಿಗೆ ಬಂದಿತು. ಹುಡುಗರ ಜೊತೆ ಹುಡುಗಿಯರೂ ಆಡತೊಡಗಿದರು. ಇದು ಸುಲಭದ ಮಾತಲ್ಲ. ಹುಡುಗಿ ಚಡ್ಡಿ ತೊಟ್ಟು ಬಯಲಲ್ಲಿ ಓಡುವುದು, ಕೆಡವಿ ಬೀಳುವುದು, ಪಂದ್ಯಕ್ಕೆಂದು ರೈಲು ಹತ್ತಿ ಪರ ಊರಿಗೆ ಹೋಗುವುದು ಯಾವ ಹಳ್ಳಿಯಲ್ಲೂ ತಂದೆತಾಯಿ ಕೂಡಲೇ ಒಪ್ಪುವ ಸಂಗತಿಯಲ್ಲ. ಮನೆ ಮನೆಗೆ ಹೋಗಿ ಮಾತಾಡಿ, ಹೋದ ಮಕ್ಕಳನ್ನು ಕ್ಷೇಮವಾಗಿ ಹಿಂದಕ್ಕೆ ಕರೆತಂದು ಗಳಿಸಬೇಕಾದ ವಿಶ್ವಾಸ ಅದು. ಕ್ಲಬ್ಬಿನ ಲೆಕ್ಕಪುಸ್ತಕದಲ್ಲಿ ಬರೆಯಲಾಗದ ಬಂಡವಾಳವೂ ಹೌದು.

ಕೆಲವೇ ವರ್ಷಗಳಲ್ಲಿ ಈ ಒಂದು ತೋಟದಿಂದ ಹಲವು ಹುಡುಗಿಯರು ಭಾರತ ತಂಡದ ಅಂಗಿ ತೊಟ್ಟರು. ಅವರಲ್ಲಿ ಸಂಧ್ಯಾ ರಾಯ್ ಹೆಸರು ಪ್ರಸಿದ್ಧ. 2019ರಲ್ಲಿ ಏಷ್ಯಾದ ರಗ್ಬಿ ಮಹಿಳೆಯರನ್ನು ಲೋಕಕ್ಕೆ ಪರಿಚಯಿಸಿದ 'ಅನ್‌ಸ್ಟಾಪಬಲ್ಸ್' ಅಭಿಯಾನಕ್ಕೆ ಅವರು ಆಯ್ಕೆಯಾದರು. ಆಡಿ ಕಲಿತವರು ತಾವೇ ಚಿಕ್ಕವರಿಗೆ ಕಲಿಸತೊಡಗಿದ್ದು ಇನ್ನೂ ದೊಡ್ಡ ಸಾಧನೆ. ಪೇಟೆಯಿಂದ ಬಂದವರು ಹೇಳಿದರೆ ಅನುಮಾನಿಸುವ ತಾಯಿ, ಪಕ್ಕದ ಸಾಲಿನ ಮನೆಯ ಹುಡುಗಿ ಹೇಳಿದರೆ ನಂಬುತ್ತಾಳೆ.

ಅದೇ 2019ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಭಾರತದ ಮಹಿಳೆಯರು 15 ಮಂದಿಯ ಆಟದಲ್ಲಿ ಮೊದಲ ಅಂತರರಾಷ್ಟ್ರೀಯ ಗೆಲುವು ಕಂಡರು. ಸಿಂಗಪುರದ ಎದುರು ಅಂತರ 21–19. ಗೆಲುವಿನ ಪೆನಾಲ್ಟಿ ಒದ್ದ ಸುಮಿತ್ರಾ ನಾಯಕ್ ಭುವನೇಶ್ವರದ ಅದೇ ಆದಿವಾಸಿ ಶಾಲೆಯಲ್ಲಿ ಆಟ ಕಲಿತವರು. ತಂಡದ ಮಿಂಚಿನ ಓಟಗಾರ್ತಿ ಸ್ವೀಟಿ ಕುಮಾರಿ ಬಿಹಾರದ ಬಾಢ್ ಬಳಿಯ ಹಳ್ಳಿಯವರು. ಭಾರತದ ಮಹಿಳಾ ರಗ್ಬಿಯ ಬೇರು ಎಲ್ಲಿದೆ ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಬೆಳೆಯುವುದು ಎಂದರೇನು?

2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳಲ್ಲಿ ಒಂದು ನಮ್ಮ ರಾಜಧಾನಿಯ ಹೆಸರು ಹೊತ್ತ ಬೆಂಗಳೂರು ಬ್ರೇವ್‌ಹಾರ್ಟ್ಸ್. ಪ್ರಶಸ್ತಿ ಚೆನ್ನೈ ಬುಲ್ಸ್ ಪಾಲಾಯಿತು. ವಿದೇಶಿ ತಾರೆಗಳ ಜೊತೆ ಭಾರತದ ಆಟಗಾರರೂ ಆಡಿದ್ದು, ಟಿವಿಯಲ್ಲಿ ಆಟ ಕಂಡದ್ದು ಸಂತೋಷವೇ. ಆದರೆ ಹರಾಜಿನಲ್ಲಿ ಆಟಗಾರನನ್ನು ಕೊಳ್ಳಬಹುದು, ಬೆಳೆಸಲಾಗದು. ಊರಿನ ಹೆಸರಿನ ತಂಡಕ್ಕೆ ಊರಿನ ಹುಡುಗರು ಬರಬೇಕಾದರೆ ಬಡಾವಣೆಯ ಬಯಲುಗಳಲ್ಲಿ ಚೆಂಡು ಉರುಳಬೇಕು. ಆ ಬಯಲುಗಳೇ ನಿವೇಶನಗಳಾಗುತ್ತಿರುವ ನಗರಗಳಲ್ಲಿ ಇದು ರಗ್ಬಿಯೊಂದರ ಸಮಸ್ಯೆಯಲ್ಲ, ಎಲ್ಲ ಆಟಗಳದು.

ಪುಟ್ಟ ಕ್ಲಬ್ಬು ದೊಡ್ಡದಾಗುವಾಗ ಎದುರಾಗುವ ಅಪಾಯಗಳೂ ಕೆಲವಿವೆ. ದಾನಿಗಳ ಹಣ ಒಂದು ವರ್ಷ ಬಂದು ಮರುವರ್ಷ ನಿಲ್ಲಬಹುದು. ಗೆಲ್ಲುವ ಹಂಬಲದಲ್ಲಿ ಚುರುಕಾದ ಹದಿನೈದು ಮಕ್ಕಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಮರೆಯಬಹುದು. ಎಲ್ಲವೂ ಒಬ್ಬ ಸ್ಥಾಪಕನ ಸುತ್ತಲೇ ಸುತ್ತುತ್ತಿದ್ದರೆ, ಆತ ಹೊರಟ ದಿನ ಕ್ಲಬ್ಬೂ ಹೊರಡುತ್ತದೆ. 1870ರ ದಶಕದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ ಅಲ್ಲವೇ? ಆದ್ದರಿಂದ ಕ್ಲಬ್ಬೊಂದರ ಬೆಳವಣಿಗೆಯನ್ನು ಗೆದ್ದ ಕಪ್ಪುಗಳಿಂದ ಅಳೆಯುವುದಕ್ಕಿಂತ, ಅಲ್ಲಿ ಆಡಿದ ಎಷ್ಟು ಮಕ್ಕಳು ಶಾಲೆ ಮುಗಿಸಿದರು, ಎಷ್ಟು ಮಂದಿ ಸೀಟಿ ಹಿಡಿದು ತೀರ್ಪುಗಾರರಾದರು, ಎಷ್ಟು ಮಂದಿ ಮತ್ತೊಂದು ಬಯಲಿನಲ್ಲಿ ಚೆಂಡು ಹಿಡಿದು ನಿಂತರು ಎಂದು ಎಣಿಸುವುದು ಮೇಲು.

ಕಲ್ಕತ್ತದ ಹಳೆಯ ಕ್ಲಬ್ಬು ಬಾಗಿಲು ಮುಚ್ಚುವಾಗ ತನ್ನ ಹಣವನ್ನು ಬೆಳ್ಳಿಯಲ್ಲಿ ಎರಕ ಹೊಯ್ದು ಹೆಸರು ಉಳಿಸಿಕೊಂಡಿತು. ಅದೂ ಒಂದು ಬಗೆಯ ದೊಡ್ಡತನವೇ. ಆದರೆ ಆ 270 ರೂಪಾಯಿಗಳಲ್ಲಿ ಸ್ವಲ್ಪವನ್ನಾದರೂ ಚೆಂಡುಗಳಿಗೆ ಹಾಕಿ, ಮೈದಾನದ ಅಂಚಿನಲ್ಲಿ ನಿಂತ ಊರ ಹುಡುಗರನ್ನು ಒಳಗೆ ಕರೆದಿದ್ದರೆ ಈ ಆಟದ ಭಾರತೀಯ ಚರಿತ್ರೆ ಬೇರೆಯಾಗುತ್ತಿತ್ತೇನೋ. ಆ ಕರೆ ಬರಲು 130 ವರ್ಷ ಹಿಡಿಯಿತು. ತಡವಾಗಿ ಬಂದರೂ, ಅದು ತಲುಪಿದ್ದು ಎಲೆಯ ಬುಟ್ಟಿ ಬೆನ್ನಿಗೆ ಹೊತ್ತು ದುಡಿಯುವ ತಾಯಂದಿರ ಮಕ್ಕಳನ್ನು.